ಸಾವಿರದೈನೂರು ರೂಪಾಯಿಗೆ ಅಂಗಳದ ತುಂಬಾ ಬೆಳಕು: ಓದುಗರ ಪ್ರಶ್ನೆ, ಅಕ್ಕನ ಉತ್ತರ

ದೀಪಾವಳಿ ಹತ್ರ ಬಂತು ಅಂದ್ರೆ ಈ ಅಂಕಣಕ್ಕೆ ಬರೋ ಪತ್ರಕ್ಕೆಲ್ಲ ಮದ್ದಿನ ವಾಸನೆ. ಈ ಸಲ ಬಂದಿರೋದ್ರಲ್ಲಿ ಢಂ ಅನ್ನೋದ್ರ ಬಗ್ಗೆ ಒಬ್ರೂ ಕೇಳಿಲ್ಲ, ಕಮ್ಮಿ ದುಡ್ಡಲ್ಲಿ ಕಣ್ಣಿಗೆ ಚೆನ್ನಾಗಿ ಕಾಣೋ ಥರ ಹೇಗೆ ಹಚ್ಚೋದು ಅಂತಾನೇ ಜಾಸ್ತಿ ಜನ ಕೇಳಿದಾರೆ. ನಂಗೂ ಇದೇ ಇಷ್ಟದ ವಿಷಯ, ಅದಕ್ಕೇ ಮೊದಲನೇ ಉತ್ತರ ಸ್ವಲ್ಪ ಉದ್ದ ಆಗಿದೆ, ಬೇಜಾರಾಗ್ಬೇಡಿ.

ಅಕ್ಕ, ನಮ್ಮದು ತಿಪಟೂರು ಹತ್ರ ಹಳ್ಳಿ ಮನೆ, ಮುಂದೆ ದೊಡ್ಡ ಅಂಗಳ ಇದೆ. ಹಬ್ಬಕ್ಕೆ ಅಣ್ಣ ತಮ್ಮಂದಿರ ಮಕ್ಕಳೆಲ್ಲ ಸೇರಿ ಒಂಬತ್ತು ಜನ ಬರ್ತಾರೆ. ಪಟಾಕಿಗೆ ನಾನು ಇಟ್ಟಿರೋದು 1500 ರೂಪಾಯಿ. ಹೋದ ವರ್ಷ ಅಷ್ಟೇ ದುಡ್ಡಿಗೆ ತಂದಿದ್ದು ಹತ್ತೇ ನಿಮಿಷಕ್ಕೆ ಹೊಗೆ ಆಗಿ ಹೋಯ್ತು. ಏನ್ ಮಾಡೋದು?

ಹತ್ತು ನಿಮಿಷಕ್ಕೆ ಮುಗಿಯೋದು ದುಡ್ಡು ಕಮ್ಮಿ ಆಗಿದ್ದಕ್ಕಲ್ಲ, ಒಂಬತ್ತು ಜನ ಒಟ್ಟಿಗೆ ಡಬ್ಬ ಬಿಚ್ಚಿದ್ದಕ್ಕೆ. ಒಬ್ಬ ಹೂಕುಂಡ ಹಚ್ತಿರ್ತಾನೆ, ಇನ್ನೊಬ್ಬ ಅದರ ಪಕ್ಕದಲ್ಲೇ ಭೂಚಕ್ರ ಬಿಡ್ತಾನೆ, ಮೇಲೆ ಪೋರ್ಟಿಕೋದ ಎಲ್‌ಇಡಿ ಬಲ್ಬ್ ಉರೀತಾ ಇರತ್ತೆ, ಯಾವುದೂ ಸರಿಯಾಗಿ ಕಾಣಲ್ಲ. ಹೂಕುಂಡದ ಅಂದ ಇರೋದು ಕತ್ತಲಲ್ಲಿ. ಅಮಾವಾಸ್ಯೆ ರಾತ್ರಿ ಅಂದ್ರೆ ದೇವರೇ ಲೈಟ್ ಆಫ್ ಮಾಡಿ ಕೊಟ್ಟಿರ್ತಾನೆ, ಉಳಿದಿದ್ದು ನೀವು ಮಾಡಿ. ಎಂಟಕ್ಕೆ ಶುರು ಮಾಡೋದಾದ್ರೆ ಏಳೂ ಮುಕ್ಕಾಲಿಗೆ ಹೊರಗಿನ ಬಲ್ಬು, ಸೀರಿಯಲ್ ಸೆಟ್ಟು ಎಲ್ಲ ಆರಿಸಿ, ಸಾಲು ದೀಪ ಮಾತ್ರ ಇರಲಿ, ಎಲ್ರನ್ನೂ ಜಗಲಿ ಮೇಲೆ ಕೂರಿಸಿ. ಕಣ್ಣು ಕತ್ತಲಿಗೆ ಪೂರ್ತಿ ಹೊಂದ್ಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಆದ್ರೆ ಹದಿನೈದು ನಿಮಿಷ ಕೂತ್ರೂ ಸಣ್ಣ ಹೂಕುಂಡ ದೊಡ್ಡದರ ಥರ ಕಾಣತ್ತೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನು ಅಂಗಳ. ಸಾಯಂಕಾಲ ನೀರು ಹಾಕಿ ತೊಳೆದು ಒದ್ದೆ ಇರೋ ಹಾಗೇ ಬಿಟ್ಬಿಡಿ. ಸಿಮೆಂಟ್ ನೆಲ ಆದ್ರಂತೂ ಒಂದೊಂದು ಕಿಡೀನೂ ಕೆಳಗೆ ಇನ್ನೊಂದ್ಸಲ ಕಾಣತ್ತೆ, ಬೆಂಕಿ ಹತ್ಕೊಳ್ಳೋ ಭಯಾನೂ ಕಮ್ಮಿ. ಹೂಕುಂಡ ಮಾತ್ರ ಒಣಗಿದ ಇಟ್ಟಿಗೆ ಮೇಲೆ ಇಡಿ, ಬುಡ ಒದ್ದೆ ಆದ್ರೆ ಠುಸ್. ಮಣ್ಣಿನ ಅಂಗಳ ಆಗಿದ್ರೆ ಮದುವೆ ಮನೆಯಲ್ಲಿ ಇಟ್ಕೊಳ್ತೀವಲ್ಲ ಅಂಥ ಅಗಲದ ಸ್ಟೀಲ್ ಪಾತ್ರೆಗೆ ನೀರು ತುಂಬಿಸಿ ಹೂಕುಂಡಕ್ಕೂ ಜನಕ್ಕೂ ಮಧ್ಯ ಇಡಿ, ಅಷ್ಟೇ ಸಾಕು. ಹಿಂದೆ ಸುಣ್ಣ ಬಳಿದ ಗೋಡೆ ಇದ್ರೆ ಇನ್ನೂ ಒಳ್ಳೇದು, ಬೆಳಕು ಅಲ್ಲಿಗೆ ಬಿದ್ದು ವಾಪಸ್ ಬರತ್ತೆ. ಬಿಳೀ ಪಂಚೆ, ಶೀಟು ಕಟ್ಟೋಕೆ ಹೋಗ್ಬೇಡಿ, ಕಿಡಿ ಬಿದ್ರೆ ಗತಿ ಏನು.

ಭೂಚಕ್ರಕ್ಕೆ ಒಂದು ಕಡಪ ಕಲ್ಲು ಬೇಕು. ಒರಟು ನೆಲದಲ್ಲಿ ಅದು ಎರಡು ಸುತ್ತು ಸುತ್ತಿ ಎಲ್ಲೋ ಸಿಕ್ಕಾಕೊಂಡು ಒಂದೇ ಕಡೆಗೆ ಉರಿದು ಮುಗಿಯತ್ತೆ, ನುಣುಪು ಕಲ್ಲಲ್ಲಾದ್ರೆ ಬುಗುರಿ ಥರ ನಿಂತ ಕಡೆನೇ ಗುಂಯ್ ಅಂತ ತಿರುಗತ್ತೆ. ಎರಡು ಕಲ್ಲು ಹತ್ತು ಅಡಿ ದೂರ ದೂರ ಹಾಕಿ, ಒಂದು ಮುಗೀತಾ ಬಂದಾಗ ಇನ್ನೊಂದು ಹಚ್ಚಿ, ನೋಡೋರ ಕಣ್ಣು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡಲಿ.

ನಂಗೆ ತುಂಬಾ ಇಷ್ಟವಾದದ್ದು ಬಾಳೆದಿಂಡು. ಹಬ್ಬಕ್ಕೆ ಬಾಗಿಲಿಗೆ ಬಾಳೆಕಂಬ ಕಡಿದಾಗ ಉಳಿದ ಬುಡ ಎಸೀಬೇಡಿ, ಅಂಗಳದಲ್ಲಿ ಅಡ್ಡ ಮಲಗಿಸಿ, ಉರುಳದ ಹಾಗೆ ಎರಡೂ ಕಡೆ ಕಲ್ಲು ಕೊಡಿ, ಅದಕ್ಕೆ ಸುರ್‌ಸುರ್ ಬತ್ತಿ ಒಂದೊಂದು ಗೇಣು ಬಿಟ್ಟು ನೆಟ್ಟಗೆ ಚುಚ್ಚಿ. ಬಾಳೆ ತುಂಬಾ ನೀರು, ಅದು ಹತ್ಕೊಳ್ಳಲ್ಲ. ಗಾಳಿ ಯಾವ ಕಡೆಗೆ ಹೋಗ್ತಿದೆಯೋ ಆ ತುದಿಯಿಂದ ಹಚ್ತಾ ಗಾಳಿಗೆ ಎದುರಾಗಿ ಬನ್ನಿ, ಆಗ ಹೊಗೆ ನಿಮ್ಮ ಮುಖಕ್ಕೆ ಬರಲ್ಲ, ಉರೀತಿರೋದ್ರ ಮೇಲೆ ಕೈ ಚಾಚೋದೂ ತಪ್ಪತ್ತೆ. ಹಚ್ಚೋಕೆ 30 ಸೆಂಟಿಮೀಟರಿನ ಉದ್ದ ಬತ್ತಿ ಒಂದನ್ನ ಕೈಯಲ್ಲಿ ಹಿಡ್ಕೊಳ್ಳಿ. ಬೆಳ್ಳಿ ಕಿಡಿ ಬಿಡೋ ಎಲೆಕ್ಟ್ರಿಕ್ ಬತ್ತಿ ಒಂದು, ಕೆಂಪಗೆ ಉರಿಯೋ ರೆಡ್ ಒಂದು, ಮತ್ತೆ ಎಲೆಕ್ಟ್ರಿಕ್, ಹಾಗೆ ಜೋಡಿಸಿದ್ರೆ ಬೇಲಿ ಪೂರ್ತಿ ಬೆಳ್ಳಿ ಕೆಂಪು ಬೆಳ್ಳಿ ಕೆಂಪು. ಹತ್ತಿಪ್ಪತ್ತು ಬತ್ತಿ ಒಟ್ಟಿಗೆ ಕಟ್ಟಿ ಹಚ್ಚೋ ಚಟ ಕೆಲವು ಹುಡುಗರಿಗಿದೆ, ಅದು ಬತ್ತಿ ಅಲ್ಲ, ಬಾಂಬು. ಬಿಡಿಯಾಗೇ ಇರಲಿ.

ಕೊನೆಗೆ ಐದು ಹೂಕುಂಡ ಅರ್ಧಚಂದ್ರಾಕಾರದಲ್ಲಿ, ಒಂದಕ್ಕೊಂದು ಆರಡಿ ದೂರ, ನಡುವೆ ದೊಡ್ಡದು, ಅಂಚಿಗೆ ಸಣ್ಣವು. ಇಬ್ರು ದೊಡ್ಡವರು ಉದ್ದ ಕೋಲಿಗೆ ಊದುಬತ್ತಿ ಕಟ್ಕೊಂಡು ನಡುವಿನದು ಮೊದಲು ಹಚ್ಚಿ, ಒಬ್ರು ಎಡಕ್ಕೆ ಒಬ್ರು ಬಲಕ್ಕೆ ಹಚ್ಚುತ್ತಾ ಹೊರಗೆ ಬರ್ಬೇಕು. ದೊಡ್ಡದು ಜಾಸ್ತಿ ಹೊತ್ತು ಉರಿಯೋದ್ರಿಂದ ಒಂದು ಗಳಿಗೆ ಐದೂ ಒಟ್ಟಿಗೆ ಎದ್ದು ನಿಲ್ಲತ್ತೆ.

ಆಮೇಲೆ ನಮ್ಮಪ್ಪ ಒಂದು ಆಟ ಆಡ್ತಿದ್ರು. ಎಲ್ಲಾ ಮುಗಿದು ಮಕ್ಕಳು "ಅಷ್ಟೇನಾ?" ಅಂತ ಗೊಣಗೋಕೆ ಶುರು ಮಾಡ್ತಿದ್ವಿ, ಅಪ್ಪ ಎಲ್ಲೂ ಕಾಣ್ತಿರ್ಲಿಲ್ಲ, ಒಂದು ನಿಮಿಷ ಪೂರ್ತಿ ಕತ್ತಲು, ಇದ್ದಕ್ಕಿದ್ದ ಹಾಗೆ ತುಳಸಿಕಟ್ಟೆ ಹಿಂದೆ ಒಂದು ಹೂಕುಂಡ. ಹೂಕುಂಡ ಕಾಣಲ್ಲ, ಕಟ್ಟೆ ಮಾತ್ರ ಕಪ್ಪಗೆ, ಅದರ ಸುತ್ತ ಚಿನ್ನದ ಕಿಡಿ. ಒಂದೇ ಒಂದು ಹೂಕುಂಡ ಅದು! ಸಿಟಿಯಲ್ಲಿ ಎಷ್ಟೋ ದುಬಾರಿ ಸ್ಕೈ ಶಾಟ್ ನೋಡಿದೀನಿ, ನೆನಪಲ್ಲಿ ಉಳಿದಿರೋದು ಇದೊಂದೇ. ಗಿಡಕ್ಕೆ ಬಿಸಿ ತಾಗದ ಹಾಗೆ ಕಟ್ಟೆಯಿಂದ ಐದಾರು ಅಡಿ ಹಿಂದೆ ಇಡಿ.

ಇಷ್ಟಕ್ಕೆ ಬೇಕಾಗಿರೋದು ಸಣ್ಣ ಹೂಕುಂಡ ಒಂದು ಡಬ್ಬ, ದೊಡ್ಡದು ಒಂದು, ಭೂಚಕ್ರ ಒಂದು, 10 ಸೆಂಟಿಮೀಟರ್ ಬತ್ತಿ ನಾಲ್ಕೈದು ಡಬ್ಬ, ಉದ್ದ ಬತ್ತಿ ಒಂದು, ಚಿಕ್ಕವರಿಗೆ ಪೆನ್ಸಿಲ್ ಒಂದೆರಡು. ಡಬ್ಬದ ಮೇಲೆ ಪ್ರಿಂಟ್ ಆಗಿರೋ ರೇಟು, 80 ಪರ್ಸೆಂಟ್ ಡಿಸ್ಕೌಂಟ್ ಬೋರ್ಡು ಎರಡನ್ನೂ ನೋಡ್ಬೇಡಿ, ಕೊನೆಗೆ ಕೈಗೆ ಬರೋ ಬಿಲ್ ಎಷ್ಟು ಅಂತ ಎರಡು ಅಂಗಡಿಯಲ್ಲಿ ಕೇಳಿ. ನೀರು ತುಂಬೋ ಹಬ್ಬಕ್ಕೆ ಹಂಡೆ ತುಂಬಿಸ್ತೀರಲ್ಲ, ಹಾಗೇ ಈ ರಾತ್ರಿಗೂ ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಪಕ್ಕದಲ್ಲೇ ಇರಲಿ. ಉರಿದ ಬತ್ತಿ ಕಂಬಿನ ಕೂಡ್ಲೇ ನೀರಿಗೆ ಹಾಕಿ, ಬರಿಗಾಲಲ್ಲಿ ಅದನ್ನ ತುಳಿಯೋದೇ ಮಕ್ಕಳು.

ಮೇಡಂ, ಅಂಗಡಿಯವನು "ಹಸಿರು ಪಟಾಕಿ" ಅಂತ ಕೊಟ್ಟ, ಹಚ್ಚಿದ್ರೆ ಹಸಿರು ಬಣ್ಣಾನೇ ಬರಲಿಲ್ಲ. ಮೋಸ ಅಲ್ವಾ? (ದಾವಣಗೆರೆಯಿಂದ)

ನಕ್ಕೂ ನಕ್ಕೂ ಸಾಕಾಯ್ತು, ಆದ್ರೆ ನಿಮ್ಮ ತಪ್ಪೇನಿಲ್ಲ, ಹೆಸರೇ ಹಾಗಿದೆ. ಹಸಿರು ಅಂದ್ರೆ ಪರಿಸರದ ಹಸಿರು. ನೀರಿ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆ ಮಾಡಿರೋ ಫಾರ್ಮುಲಾ ಅದು, ಹಳೇ ಪಟಾಕಿಗಿಂತ ಮಾಲಿನ್ಯ ಸುಮಾರು 30 ಪರ್ಸೆಂಟ್ ಕಮ್ಮಿ ಇರ್ಬೇಕು ಅಂತ ಲೆಕ್ಕ. ಅಂದ್ರೆ ಹೊಗೆ ಇಲ್ಲವೇ ಇಲ್ಲ ಅಂತಲ್ಲ. ಡಬ್ಬದ ಮೇಲೆ ಅವರ ಲೋಗೋ, ಕ್ಯೂಆರ್ ಕೋಡ್ ಇರತ್ತೆ, ಸ್ಕ್ಯಾನ್ ಮಾಡಿ ನೋಡಿ.

ಇನ್ನು ತಮಾಷೆ ಏನಂದ್ರೆ ಪಟಾಕಿಗೆ ಹಸಿರು ಬಣ್ಣ ಕೊಡೋದು ಬೇರಿಯಂ, ಅದನ್ನೇ ಸುಪ್ರೀಂ ಕೋರ್ಟ್ ಬೇಡ ಅಂದಿರೋದು. ಕೆಂಪು ಸ್ಟ್ರಾನ್ಷಿಯಂನಿಂದ ಬರತ್ತೆ, ಹಳದಿ ಸೋಡಿಯಂ, ನೀಲಿ ತಾಮ್ರ, ಬೆಳ್ಳಿ ಬಿಳುಪು ಅಲ್ಯೂಮಿನಿಯಂ, ಆ ಚಿನ್ನದ ಕಿಡಿ ಇದೆಯಲ್ಲ ಅದು ಕಬ್ಬಿಣದ ಪುಡಿ, ಇದ್ದಿಲು. ಹಾಗಾಗಿ ಹಸಿರು ಪಟಾಕಿಯಲ್ಲಿ ಹೊಳೆಯೋ ಹಸಿರು ಬಂದಿದ್ರೆ ನಂಗೆ ಡೌಟು ಬರ್ತಿತ್ತು.

2018ರ ಅದೇ ಕೋರ್ಟಿನ ಆದೇಶದಲ್ಲಿ ಇನ್ನೂ ಮೂರು ಮಾತಿದೆ: ಹಚ್ಚೋದು ರಾತ್ರಿ 8ರಿಂದ 10, ಸರಪಟಾಕಿ ಬೇಡ, ಆನ್‌ಲೈನಲ್ಲಿ ಮಾರೋ ಹಾಗಿಲ್ಲ. ವಾಟ್ಸಾಪಲ್ಲಿ "ಶಿವಕಾಶಿಯಿಂದ ನೇರ ಮನೆಗೆ" ಅಂತ ಬರೋದನ್ನ ನಂಬಿ ಅಡ್ವಾನ್ಸ್ ಕಳಿಸ್ಬೇಡಿ. ಲೈಸೆನ್ಸ್ ಇರೋ ಮಳಿಗೆಗೇ ಹೋಗಿ. 2023ರ ಅಕ್ಟೋಬರ್ 7ಕ್ಕೆ ಅತ್ತಿಬೆಲೆಯ ಪಟಾಕಿ ಗೋದಾಮಲ್ಲಿ ಅಷ್ಟೊಂದು ಜನ, ಅದ್ರಲ್ಲೂ ಚಿಕ್ಕ ವಯಸ್ಸಿನ ಹುಡುಗರು, ಸತ್ತಿದ್ದು ನೆನಪಿದ್ರೆ ಸಂದಿಗೊಂದಿಯ ಮನೆಯಲ್ಲಿ ತುಂಬಿಟ್ಟು ಮಾರೋರ ಹತ್ರ ತಗೊಳ್ಳೋಕೆ ಮನಸ್ಸು ಬರಲ್ಲ.

ಮಗನಿಗೆ ಮೂರು ವರ್ಷ, ಸದ್ದು ಕಂಡ್ರೆ ಹೆದರ್ತಾನೆ. ಹಾವಿನ ಮಾತ್ರೆ ಒಂದೇ ಸೇಫ್ ಅಂತ ಅತ್ತೆ ಅಂತಾರೆ. ಹೌದಾ ಅಕ್ಕ? (ಶಿರಸಿಯಿಂದ)

ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ: ಎಲ್ಲಕ್ಕಿಂತ ಕೆಟ್ಟ ಹೊಗೆ ಅದರದ್ದೇ. 2016ರಲ್ಲಿ ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್‌ನವರು ಒಂದೊಂದೇ ಪಟಾಕಿ ಹಚ್ಚಿ ಸಣ್ಣ ಧೂಳಿನ ಕಣ, ಅದೇ ಪಿಎಂ 2.5 ಅಂತಾರಲ್ಲ, ಅದನ್ನ ಅಳೆದ್ರು. ಹಾವಿನ ಮಾತ್ರೆ ಒಂದು ಘನ ಮೀಟರಿಗೆ 64,500 ಮೈಕ್ರೋಗ್ರಾಂ ತನಕ ಹೋಯ್ತು, ಸರಪಟಾಕಿಯೇ 38,000 ಚಿಲ್ಲರೆ, ಸುರ್‌ಸುರ್ ಬತ್ತಿ 10,000 ಚಿಲ್ಲರೆ, ಭೂಚಕ್ರ ಅದಕ್ಕಿಂತ ಸ್ವಲ್ಪ ಕಮ್ಮಿ, ಹೂಕುಂಡ ಎಲ್ಲಕ್ಕಿಂತ ಕಮ್ಮಿ, 5,000ದ ಒಳಗೆ. ಸದ್ದಿಲ್ಲ, ಹಾರಲ್ಲ ಅಂತ ನಾವು ಅದನ್ನ ಮಗು ಕೈಗೆ ಕೊಡ್ತೀವಿ, ಮಗು ಕುಕ್ಕರುಗಾಲಲ್ಲಿ ಕೂತು ಬಗ್ಗಿ ಮೂಗು ಅದರ ಮೇಲೇ ಇಟ್ಕೊಂಡು ನೋಡತ್ತೆ. ಬೇಡ. ಮೂರು ವರ್ಷದವನಿಗೆ ಬತ್ತಿನೂ ಕೈಗೆ ಕೊಡ್ಬೇಡಿ, ಅದರ ತುದಿ ಸಾವಿರ ಡಿಗ್ರಿ ಹತ್ರ ಕಾದಿರತ್ತೆ. ನಿಮ್ಮ ತೊಡೆ ಮೇಲೆ ಕೂರಿಸ್ಕೊಂಡು ದೂರದಿಂದ ಹೂಕುಂಡ ತೋರಿಸಿ, ಕೈಗೆ ಒಂದು ಬ್ಯಾಟರಿ ಟಾರ್ಚು, ಮೇಲೆ ಬಣ್ಣದ ಜಿಲೆಟಿನ್ ಪೇಪರ್ ಸುತ್ತಿ ಕೊಡಿ, ಆಕಾಶಬುಟ್ಟಿಗೆ ಬೆಳಕು ಬಿಡೋ ಕೆಲಸ ಅವನದ್ದೇ ಅನ್ನಿ.

ನಾವು ನ್ಯೂಜೆರ್ಸಿಯಲ್ಲಿದ್ದೀವಿ. ಇಲ್ಲಿ ಹೂಕುಂಡ, ಭೂಚಕ್ರ ಹುಡುಕಿದ್ರೆ ಸಿಗೋದು ಬರೀ ಸ್ಪಾರ್ಕ್ಲರ್, ಸ್ನ್ಯಾಪರ್. ಕನ್ನಡ ಕೂಟದ ನಾಲ್ಕು ಮನೆಯವರು ಸೇರಿ ಬ್ಯಾಕ್‌ಯಾರ್ಡಲ್ಲಿ ಏನಾದ್ರೂ ಮಾಡೋಣ ಅಂತ.

ಮಾಡಿ, ನಿಮ್ಮ ರಾಜ್ಯ ಅದೃಷ್ಟದ್ದು. 2017ರಲ್ಲಿ ಅಲ್ಲಿ ಕಾನೂನು ಬದಲಾಯ್ತು, ಕೈಯಲ್ಲಿ ಹಿಡಿಯೋ ಮತ್ತೆ ನೆಲದ ಮೇಲಿಡೋ ಸ್ಪಾರ್ಕ್ಲರ್, ಹೊಗೆ ಬಿಡೋವು, ಪಾರ್ಟಿ ಪಾಪರ್, ಸ್ನ್ಯಾಪರ್ ಇವೆಲ್ಲ ನಡೆಯತ್ತೆ, ಮೇಲಕ್ಕೆ ಹಾರೋದು, ಸಿಡಿಯೋದು ಇಲ್ಲ. ಮ್ಯಾಸಚೂಸೆಟ್ಸಲ್ಲಿರೋ ನಿಮ್ಮ ಫ್ರೆಂಡ್ಸಿಗೆ ಸ್ಪಾರ್ಕ್ಲರ್ ಕೂಡ ಇಲ್ಲ ಪಾಪ. ಪಕ್ಕದ ಪೆನ್ಸಿಲ್ವೇನಿಯಾದಿಂದ ದೊಡ್ಡವು ತರೋಣ ಅಂತ ಯಾರಾದ್ರೂ ಐಡಿಯಾ ಕೊಟ್ರೆ ಬೇಡ ಅನ್ನಿ, ಕೊಂಡ ಕಡೆ ಲೀಗಲ್ ಆಗಿದ್ದು ನಿಮ್ಮಲ್ಲಿ ಲೀಗಲ್ ಆಗಲ್ಲ. ನಿಮ್ಮ ಟೌನ್‌ಶಿಪ್ಪಿಗೂ ಒಂದು ಫೋನ್ ಮಾಡಿ ಕೇಳ್ಬಿಡಿ.

ಬಾಳೆದಿಂಡು ಸಿಗಲ್ಲ ನಿಮಗೆ, ಮರಳು ತುಂಬಿದ ಮಣ್ಣಿನ ಪಾಟ್ ಆಗತ್ತೆ, ಒಂದು ಪಾಟಿಗೆ ಒಂದೇ ಬತ್ತಿ. ಅಕ್ಟೋಬರ್ ನವೆಂಬರಲ್ಲಿ ನಿಮ್ಮಲ್ಲಿ ಒಣ ಎಲೆ ರಾಶಿ ಬಿದ್ದಿರತ್ತೆ, ಅದನ್ನ ಮೊದಲು ಗುಡಿಸಿ, ಹುಲ್ಲಿನ ಮೇಲೆ ಅಲ್ಲ ಡ್ರೈವ್‌ವೇ ಮೇಲೆ ಮಾಡಿ. ಸ್ನ್ಯಾಪರ್ ಅಂದ್ರೆ ಮರಳಿನ ಹರಳಿಗೆ ಒಂಚೂರು ಸಿಲ್ವರ್ ಫಲ್ಮಿನೇಟ್ ಹಚ್ಚಿ ಪೇಪರಲ್ಲಿ ಸುತ್ತಿರೋದು, ಎಸೆದ್ರೆ ಟಪ್. ಒಂಟಿಯಾಗಿ ಎಸೆದ್ರೆ ಸಪ್ಪೆ, ಎರಡು ಗುಂಪು ಮಾಡಿ ಮಕ್ಕಳಿಗೆ ಜುಗಲ್‌ಬಂದಿ ಆಡಿಸಿ, ಈ ಕಡೆಯವರು ಆದಿತಾಳ ಹೊಡೆದ್ರೆ ಆ ಕಡೆಯವರು ಅದೇ ತಾಳ ವಾಪಸ್ ಹೊಡೀಬೇಕು. ಬಿಚ್ಚಿ ಒಂದುಗೂಡಿಸೋ ಕೆಲಸ ಮಾತ್ರ ಬೇಡ.

ರೀಲ್ಸಲ್ಲಿ ಪಾತ್ರೆ ಉಜ್ಜೋ ಸ್ಟೀಲ್ ವುಲ್‌ಗೆ ಬೆಂಕಿ ಹಚ್ಚಿ ತಿರುಗಿಸ್ತಾರಲ್ಲ, ಸೂಪರ್ ಆಗಿರತ್ತೆ, ಖರ್ಚೂ ಇಲ್ಲ. ನಮ್ಮ ಟೆರೇಸಲ್ಲಿ ಟ್ರೈ ಮಾಡ್ಲಾ? (ಬೆಂಗಳೂರು, ಇಂಜಿನಿಯರಿಂಗ್ ವಿದ್ಯಾರ್ಥಿ)

ಬೇಡಪ್ಪ. ಆ ಕಿಡಿ ಅಂದ್ರೆ ಉರೀತಿರೋ ಕಬ್ಬಿಣದ ಚೂರು, ಎಲ್ಲಿಗೆ ಹಾರತ್ತೆ ಅನ್ನೋದು ನಿನ್ನ ಕೈಯಲ್ಲಿಲ್ಲ, ಪಕ್ಕದ ಟೆರೇಸಲ್ಲಿ ಯಾರೋ ಸೀರೆ ಒಣಗಿ ಹಾಕಿರ್ತಾರೆ. ಅದೇ ಫೋಟೋ ಬತ್ತಿಯಲ್ಲೇ ಬರತ್ತೆ. ಫೋನನ್ನ ಇಟ್ಟಿಗೆಗೆ ಒರಗಿಸಿ, ಪ್ರೋ ಮೋಡಲ್ಲಿ ಐಎಸ್ಓ 100, ಶಟರ್ ನಾಲ್ಕರಿಂದ ಎಂಟು ಸೆಕೆಂಡ್, ಮೂರು ಸೆಕೆಂಡಿನ ಟೈಮರ್. ಫ್ರೆಂಡ್ ಹತ್ತು ಅಡಿ ದೂರ ನಿಂತು ಗಾಳಿಯಲ್ಲಿ ಅಕ್ಷರ ಬರೀಲಿ. ಕ್ಯಾಮೆರಾಕ್ಕೆ ಮುಖ ಮಾಡಿ ಬರೆದ್ರೆ ಉಲ್ಟಾ ಬರತ್ತೆ, ಆಮೇಲೆ ಫೋನಲ್ಲಿ ಫ್ಲಿಪ್ ಮಾಡ್ಕೋ. ಇಂಗ್ಲಿಷಿಗಿಂತ ನಮ್ಮ ಅಕ್ಷರ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ, ದುಂಡಗೆ, ಕೈ ಎತ್ತದೇ "ಅ" ಬರೀಬೋದು. "ದೀಪಾವಳಿ" ಪೂರ್ತಿ ಬರೆಯೋಕೆ ಐದು ಜನ ಬೇಕು, ಅಕ್ಷರಕ್ಕೊಬ್ಬರ ಹಾಗೆ ನಾಲ್ಕು, ದೀರ್ಘ ಎಳೆಯೋಕೆ ಒಬ್ಬ ಎಕ್ಸ್‌ಟ್ರಾ.

ಠುಸ್ ಆದ ಹೂಕುಂಡ ಏನ್ ಮಾಡೋದು? ಹೋದ ಸಲ ನಾಲ್ಕು ಹಾಗೇ ಉಳೀತು, ಎಸೆಯೋಕೆ ಮನಸ್ಸಿಲ್ಲ. (ಹಾಸನದಿಂದ)

ನಾನು ಆರನೇ ಕ್ಲಾಸಲ್ಲಿ ಇದೇ ಮನಸ್ಸಿಲ್ಲದೇ ನಾಲ್ಕೈದರ ಮದ್ದು ಪೇಪರಿಗೆ ಸುರಿದು ಕಡ್ಡಿ ಗೀರಿದ್ದೆ. ಎಡ ಹುಬ್ಬು ಹೋಯ್ತು, ಮುಂದಿನ ಕೂದಲು ಸುಟ್ಟ ವಾಸನೆ ಸಂಕ್ರಾಂತಿ ತನಕ ಇತ್ತು ಅನ್ನಿಸ್ತಿತ್ತು, ಕಣ್ಣು ಉಳಿದಿದ್ದು ಪುಣ್ಯ. ಮತ್ತೆ ಹಚ್ಬೇಡಿ, ಬಗ್ಗಿ ನೋಡ್ಬೇಡಿ, ಇಪ್ಪತ್ತು ನಿಮಿಷ ಬಿಟ್ಟು ದೂರದಿಂದ ನೀರು ಸುರಿದು, ರಾತ್ರಿಯೆಲ್ಲ ಬಕೆಟ್ಟಲ್ಲಿ ನೆನೆಸಿ ಬೆಳಿಗ್ಗೆ ಕಸಕ್ಕೆ ಹಾಕಿ. ಸುಟ್ಟರೆ ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡೀರಿ, ಟೂತ್‌ಪೇಸ್ಟು, ಇಂಕು, ತುಪ್ಪ ಯಾವುದೂ ಬೇಡ. ಕಣ್ಣಿಗೇನಾದ್ರೂ ಆದ್ರೆ ಉಜ್ಜದೇ ಸೀದಾ ಕಣ್ಣಿನ ಆಸ್ಪತ್ರೆಗೆ.

ಹಚ್ಚದೇ ಉಳಿದ ಒಳ್ಳೇ ಡಬ್ಬಗಳು? (ಅವರೇ)

ತುಳಸಿ ಹಬ್ಬಕ್ಕೆ ಇಡಿ, ಹನ್ನೆರಡೇ ದಿನ. ಅಡುಗೆಮನೆ ಅಟ್ಟದಲ್ಲಿ ಬೇಡ, ಒಣಗಿದ ಕಡೆ ರಟ್ಟಿನ ಪೆಟ್ಟಿಗೆಯಲ್ಲಿ ಸಾಕು. ಅವತ್ತೂ ಎಂಟರಿಂದ ಹತ್ತೇ.