ಪಂದ್ಯ ಮುಗಿದ ಮೇಲೆ ಜನ ಮನೆಗೆ ಹೇಗೆ ಹೋಗುತ್ತಾರೆ?

ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ನಾಲ್ಕು ಪುಟದ ಪತ್ರ ಸಿಕ್ಕಿತು. ಎರಡು ಸಲ ಓದಿದೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಎಂದು ಪತ್ರದ ತಿರುಳನ್ನು ಮೊದಲು ಹೇಳಿಬಿಡುತ್ತೇನೆ.

ವೃತ್ತಿಪರ ಫುಟ್‌ಬಾಲ್ ತಂಡಕ್ಕೆ ಹೊಸ ಕ್ರೀಡಾಂಗಣ ಬೇಕಾದರೆ ಅದನ್ನು ನಗರದ ಒಳಗೇ ಕಟ್ಟಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ನೀವು ಹನ್ನೊಂದು ವರ್ಷ ಒಂದು ಕ್ರೀಡಾಂಗಣದ ಪಕ್ಕದ ಬೀದಿಯಲ್ಲಿ ಬಾಳಿದವರು. ಪಂದ್ಯದ ದಿನ ನಿಮ್ಮದೇ ಮನೆಯ ಗೇಟಿನ ಮುಂದೆ ಯಾರದೋ ಕಾರು ನಿಂತಿರುತ್ತಿತ್ತು. ರಾತ್ರಿ ಹನ್ನೊಂದಾದರೂ ಫ್ಲಡ್‌ಲೈಟಿನ ಬೆಳಕು ಮಗಳ ಕೋಣೆಗೆ ಬೀಳುತ್ತಿತ್ತು. ಕಾಂಪೌಂಡ್ ಗೋಡೆಯ ಕಥೆಯನ್ನು ಇಲ್ಲಿ ಬರೆಯುವುದು ಬೇಡ. "ಊರ ಹೊರಗೆ ಕಟ್ಟಲಿ. ಜಾಗ ಅಗ್ಗ, ಪಾರ್ಕಿಂಗ್ ಬೇಕಾದಷ್ಟು, ಯಾರಿಗೂ ತೊಂದರೆಯಿಲ್ಲ" ಎನ್ನುವುದು ನಿಮ್ಮ ವಾದ. ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆಯನ್ನೂ ಹಾಕಿದ್ದೀರಿ: "ನಿಮ್ಮ ಮನೆ ಪಕ್ಕ ಕಟ್ಟಿದರೆ ಒಪ್ಪುತ್ತೀರಾ?"

ಆ ಪ್ರಶ್ನೆಗೆ ಉತ್ತರ ಕೊಡದೆ ಮುಗಿಸುವುದಿಲ್ಲ. ಅದಕ್ಕೆ ಮುಂಚೆ ಒಂದು ತಪ್ಪು ಒಪ್ಪಿಕೊಳ್ಳಬೇಕು. ನನ್ನ ಲೇಖನದಲ್ಲಿ ಅಭಿಮಾನಿಗಳಿದ್ದರು, ಕ್ಲಬ್ ಇತ್ತು, ನಗರಾಡಳಿತ ಇತ್ತು. ಪಕ್ಕದ ಮನೆಯವರು ಮಾತ್ರ ಇರಲಿಲ್ಲ. ಕ್ರೀಡಾಂಗಣಕ್ಕೆ ಬರುವವರು ಎರಡು ಗಂಟೆ ಇದ್ದು ಹೋಗುತ್ತಾರೆ. ಪಕ್ಕದವರು ಅದರ ಜೊತೆ ವರ್ಷಪೂರ್ತಿ ಬದುಕಬೇಕು. ಅವರ ಮಾತಿಗೆ ಬೆಲೆ ಇಲ್ಲ ಎಂದುಕೊಳ್ಳುವ ಕ್ಲಬ್‌ಗಳು ಆಮೇಲೆ ಪೆಟ್ಟು ತಿಂದಿವೆ. ಮ್ಯಾಡ್ರಿಡ್ ನಗರದ ನಡುವಿರುವ ಬೆರ್ನಬ್ಯೂ ಕ್ರೀಡಾಂಗಣವನ್ನೇ ನೋಡಿ. ಬಹಳ ಹಣ ಸುರಿದು ಅದನ್ನು ಹೊಸದಾಗಿಸಿದರು. ಪಂದ್ಯ ಇಲ್ಲದ ದಿನ ಸಂಗೀತ ಕಾರ್ಯಕ್ರಮ ನಡೆಸಿ ಆದಾಯ ಮಾಡಿಕೊಳ್ಳುವ ಲೆಕ್ಕಾಚಾರವಿತ್ತು. ಸದ್ದು ತಡೆಯಲಾರದೆ ಸುತ್ತಲಿನ ಜನ ದೂರು ಕೊಟ್ಟರು. 2024ರಲ್ಲಿ ರಿಯಲ್ ಮ್ಯಾಡ್ರಿಡ್‌ನಂಥ ಕ್ಲಬ್ ಕೂಡ ಕಾರ್ಯಕ್ರಮಗಳನ್ನು ನಿಲ್ಲಿಸಬೇಕಾಯಿತು.

ಹಾಗಾಗಿ ನಿಮ್ಮ ನೋವಿನ ಬಗ್ಗೆ ನನ್ನದು ಎರಡು ಮಾತಿಲ್ಲ. ಅದಕ್ಕೆ ನೀವು ಹೇಳುವ ಮದ್ದಿನ ಬಗ್ಗೆ ಮಾತ್ರ ನನಗೆ ಅನುಮಾನ.

ಪಾರ್ಕಿಂಗ್ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡೋಣ. 30,000 ಜನರ ಕ್ರೀಡಾಂಗಣ ಎಂದಿಟ್ಟುಕೊಳ್ಳಿ. ಊರ ಹೊರಗೆ, ರೈಲು ಇಲ್ಲದ ಕಡೆ. ಅರ್ಧದಷ್ಟು ಜನ ಕಾರಿನಲ್ಲಿ ಬಂದರು, ಒಂದು ಕಾರಿಗೆ ಸರಾಸರಿ ಎರಡೂವರೆ ಜನ ಎಂದರೂ 6,000 ಕಾರು. ಒಂದು ಕಾರು ನಿಲ್ಲಲು, ಅದು ಒಳಗೆ ಬಂದು ಹೊರಗೆ ಹೋಗಲು ಒಟ್ಟು 25 ಚದರ ಮೀಟರ್ ಜಾಗ ಬೇಕು. ಅಲ್ಲಿಗೆ 15 ಹೆಕ್ಟೇರ್ ಆಯಿತು, ಅಂದರೆ ಸುಮಾರು 37 ಎಕರೆ. ಫುಟ್‌ಬಾಲ್ ಅಂಕಣದ ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂಥ 21 ಅಂಕಣ ಹಿಡಿಸುವಷ್ಟು ಜಾಗ ಬರೀ ಕಾರು ನಿಲ್ಲಿಸಲು! 20 ತಂಡಗಳ ಲೀಗ್‌ನಲ್ಲಿ ಒಂದು ತಂಡಕ್ಕೆ ಸಿಗುವ ತವರಿನ ಪಂದ್ಯಗಳು 19. ಕಪ್ ಪಂದ್ಯಗಳನ್ನು ಸೇರಿಸಿದರೂ 25 ದಾಟುವುದು ಕಷ್ಟ. ಉಳಿದ 340 ದಿನ ಆ 37 ಎಕರೆ ಡಾಂಬರು ಬಿಸಿಲಿಗೆ ಸುಮ್ನೆ ಕಾಯುತ್ತಾ ಬಿದ್ದಿರುತ್ತದೆ.

ಜಾಗ ಅಗ್ಗವಾಗಿ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಆ 6,000 ಕಾರು ಹೊರಗೆ ಬರಬೇಕಲ್ಲ? ಸಿಗ್ನಲ್ ಇರುವ ರಸ್ತೆಯಲ್ಲಿ ಒಂದು ಸಾಲಿನಿಂದ ಗಂಟೆಗೆ 1,000 ಕಾರು ಸಾಗಿದರೆ ದೊಡ್ಡದು. ಮೂರು ಸಾಲು ಇದ್ದರೂ ಕೊನೆಯ ಕಾರು ಹೊರಬೀಳಲು ಎರಡು ಗಂಟೆ ಬೇಕು. ಆಟ ನೋಡಿದಷ್ಟೇ ಹೊತ್ತು ಕಾರಿನಲ್ಲಿ ಕೂತಿರಬೇಕು, ಅಲ್ವಾ? ಅದೇ ಜನಕ್ಕೆ ಹತ್ತಿರದಲ್ಲೇ ಮೆಟ್ರೊ ಇದ್ದು, ನಾಲ್ಕು ನಿಮಿಷಕ್ಕೊಂದು ರೈಲು, ರೈಲಿಗೆ 1,000 ಜನ, ಎರಡೂ ದಿಕ್ಕಿಗೆ ಓಡಿದರೆ ಒಂದು ಗಂಟೆಯಲ್ಲಿ ಇಡೀ 30,000 ಮಂದಿ ಖಾಲಿ. ಇನ್ನು ನಡೆದೇ ಹೋಗುವವರು ಇದ್ದರಂತೂ ಇನ್ನೂ ಬೇಗ.

ಕ್ರೀಡಾಂಗಣಕ್ಕೆ ಜಾಗ ಹುಡುಕುವಾಗ ಎಲ್ಲರೂ ಮೊದಲು ಕೇಳುವುದು "ಎಲ್ಲಿ ಖಾಲಿ ಜಾಗ ಇದೆ?" ಎಂದು. ಪಂದ್ಯ ಮುಗಿದ ಮೇಲೆ ಜನ ಮನೆಗೆ ಹೇಗೆ ಹೋಗುತ್ತಾರೆ ಎನ್ನುವುದನ್ನು ಮೊದಲು ಕೇಳಬೇಕು. ಅದಕ್ಕೆ ಉತ್ತರ ಸಿಕ್ಕ ಜಾಗಗಳನ್ನು ಮಾತ್ರ ಪಟ್ಟಿಯಲ್ಲಿ ಉಳಿಸಿಕೊಂಡು ಆಮೇಲೆ ಬೆಲೆಯ ಮಾತಾಡಬೇಕು. ನನ್ನ ಲೇಖನದಲ್ಲಿ "ನಗರದ ಒಳಗೆ" ಎಂದಾಗ ನನ್ನ ಮನಸ್ಸಿನಲ್ಲಿದ್ದದ್ದು ಇದು. ಅದನ್ನು ಬಿಡಿಸಿ ಹೇಳಬೇಕಿತ್ತು.

ಈ ಪ್ರಶ್ನೆ ಕೇಳದೆ ಕಟ್ಟಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಷಿಕಾಗೊ ಫೈರ್ ತಂಡದ ಕಥೆ ಇದೆ. 2006ರಲ್ಲಿ ಆ ತಂಡ ಬ್ರಿಜ್‌ವ್ಯೂ ಎಂಬ ಹೊರವಲಯದ ಊರಿಗೆ ಹೋಯಿತು. ಷಿಕಾಗೊದ ನಡುಭಾಗದಿಂದ ಸುಮಾರು 20 ಕಿಲೋಮೀಟರ್. ಅಲ್ಲಿಗೆ ನೇರ ರೈಲಿಲ್ಲ. ಕ್ರೀಡಾಂಗಣದಲ್ಲಿ 20,000 ಆಸನ, ಬ್ರಿಜ್‌ವ್ಯೂ ಊರಿನ ಜನಸಂಖ್ಯೆ ಅದಕ್ಕಿಂತ ಕಡಿಮೆ. ಊರಿನ ಆಡಳಿತ ಸಾಲ ಮಾಡಿ ಕಟ್ಟಿಸಿತ್ತು. ಜನ ಬರುತ್ತಾರೆ, ಅಂಗಡಿ ಹೋಟೆಲು ಬೆಳೆಯುತ್ತವೆ, ಸಾಲ ತಾನಾಗಿ ತೀರುತ್ತದೆ ಎಂದು ನಂಬಿದ್ದರು. ಬಂದ ಜನ ಸಾಲದಾಯಿತು. ಸಾಲದ ಹೊರೆ ಊರಿನವರ ಮನೆ ತೆರಿಗೆಗೆ ಬಂತು. ಒಪ್ಪಂದದ ಅವಧಿ ಇನ್ನೂ ಬಹಳ ಇರುವಾಗಲೇ, 2019ರಲ್ಲಿ, ಕ್ಲಬ್ 6 ಕೋಟಿ 55 ಲಕ್ಷ ಡಾಲರ್ ಕೊಡಲು ಒಪ್ಪಿ ಬಿಡಿಸಿಕೊಂಡಿತು. 2020ರಲ್ಲಿ ನಗರದ ಸೋಲ್ಜರ್ ಫೀಲ್ಡ್ ಕ್ರೀಡಾಂಗಣಕ್ಕೆ ವಾಪಸ್ ಬಂತು. 2025ರಲ್ಲಿ ಅದೇ ಕ್ಲಬ್ ತನ್ನ ಹೊಸ ಕ್ರೀಡಾಂಗಣಕ್ಕೆ ಆರಿಸಿಕೊಂಡ ಜಾಗ ಎಲ್ಲಿ ಗೊತ್ತಾ? ಷಿಕಾಗೊ ನಡುಭಾಗದ ಅಂಚಿನಲ್ಲಿ, ನದಿಯ ಪಕ್ಕ, ಬಹುಕಾಲ ಖಾಲಿ ಬಿದ್ದಿದ್ದ ಹಳೆಯ ರೈಲ್ವೆ ಜಮೀನು. ಈಗ ಬ್ರಿಜ್‌ವ್ಯೂ ಜನರ ಬಗ್ಗೆ ಯೋಚಿಸಿ. ತಂಡ ಹೋಯಿತು, ಕಟ್ಟಡ ಉಳಿಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಂಗ್ಲೆಂಡಿನ ಡಾರ್ಲಿಂಗ್ಟನ್‌ನದು ಇನ್ನೊಂದು ಬಗೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಮಾತನ್ನು ಅಲ್ಲಿ ಯಾರೂ ಕೇಳಲಿಲ್ಲ. ಕೆಲವೇ ಸಾವಿರ ಜನ ಬರುತ್ತಿದ್ದ ಕ್ಲಬ್‌ಗೆ 2003ರಲ್ಲಿ ಊರ ಅಂಚಿನಲ್ಲಿ 25,000 ಆಸನದ ಕ್ರೀಡಾಂಗಣ ಕಟ್ಟಿದರು. ಸ್ಥಳೀಯ ಯೋಜನಾ ನಿಯಮಗಳ ಪ್ರಕಾರ ಒಮ್ಮೆಗೆ 10,000ಕ್ಕಿಂತ ಜಾಸ್ತಿ ಜನರನ್ನು ಬಿಡುವಂತೆಯೇ ಇರಲಿಲ್ಲ. ಕ್ಲಬ್ ಮತ್ತೆ ಮತ್ತೆ ದಿವಾಳಿಯ ಅಂಚಿಗೆ ಹೋಯಿತು. 2012ರಲ್ಲಿ ಆ ಕ್ರೀಡಾಂಗಣವನ್ನೇ ಬಿಟ್ಟು ಹೊರಬಿತ್ತು.

ಹಾಗಂತ ಊರಾಚೆ ಕಟ್ಟಿದ್ದೆಲ್ಲ ಕೆಟ್ಟಿತು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಇಲ್ಲಿ ನಿಮ್ಮ ಪರವಾಗಿ ನಾನೇ ಸಾಕ್ಷಿ ತರುತ್ತೇನೆ. ಜರ್ಮನಿಯ ಮ್ಯೂನಿಕ್‌ನ ಅಲಿಯಾನ್ಸ್ ಅರೆನಾ ಕ್ರೀಡಾಂಗಣ ಇರುವುದು ನಗರದ ಉತ್ತರದ ತುದಿಯಲ್ಲಿ, ಫ್ರಟ್‌ಮಾನಿಂಗ್ ಎಂಬಲ್ಲಿ. 2001ರಲ್ಲಿ ಜನರ ಮುಂದೆಯೇ ಪ್ರಶ್ನೆ ಇಟ್ಟರು: ಇಲ್ಲಿ ಕ್ರೀಡಾಂಗಣ ಬರಲಿ, ಅದಕ್ಕೆ ಬೇಕಾದ ರಸ್ತೆ ರೈಲನ್ನು ನಗರ ಒದಗಿಸಲಿ, ಒಪ್ಪುತ್ತೀರಾ? ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಿದರು. ಕ್ರೀಡಾಂಗಣದ ಖರ್ಚು ಕ್ಲಬ್‌ಗಳದು. ಅಲ್ಲಿ ಮೊದಲೇ ಸುರಂಗ ರೈಲಿನ ನಿಲ್ದಾಣ ಇತ್ತು, ಅದನ್ನು ದೊಡ್ಡದು ಮಾಡಿದರು. 2005ರಿಂದ ಅಲ್ಲಿ ಪಂದ್ಯ ನಡೆಯುತ್ತಿದೆ, ನಗರದ ನಡುವಿನಿಂದ ಒಂದೇ ರೈಲು ಹತ್ತಿ ಜನ ಬರುತ್ತಾರೆ.

ಇಂಗ್ಲೆಂಡಿನ ಬ್ರೈಟನ್ ಕ್ಲಬ್ ಪಟ್ಟ ಪಾಡು ಇನ್ನೂ ದೊಡ್ಡದು. ಅದರ ಹಳೆಯ ಅಂಗಣವನ್ನು, ಹೊಸದು ಎಲ್ಲಿ ಎಂದು ಗೊತ್ತಾಗುವ ಮುಂಚೆಯೇ, ಮಾರಿಬಿಟ್ಟಿದ್ದರು. 1997ರಲ್ಲಿ ಅದನ್ನು ಬಿಟ್ಟು ಹೊರಡಬೇಕಾಯಿತು. ಆ ಜಾಗದಲ್ಲಿ ದೊಡ್ಡ ದೊಡ್ಡ ಮಳಿಗೆಗಳು ಬಂದವು. ತಂಡ ಎರಡು ವರ್ಷ ಬಹಳ ದೂರದ ಗಿಲಿಂಗ್‌ಹ್ಯಾಮ್‌ಗೆ ಹೋಗಿ "ತವರಿನ" ಪಂದ್ಯ ಆಡಿತು. ಆಮೇಲೆ ಒಂದು ಅಥ್ಲೆಟಿಕ್ಸ್ ಮೈದಾನದಲ್ಲಿ 12 ವರ್ಷ ಕಳೆಯಿತು. ಕೊನೆಗೆ 2011ರಲ್ಲಿ ನಗರದ ಅಂಚಿನ ಫಾಲ್ಮರ್‌ನಲ್ಲಿ ಸ್ವಂತ ಕ್ರೀಡಾಂಗಣ ಸಿಕ್ಕಿತು. ರೈಲು ನಿಲ್ದಾಣ ಪಕ್ಕದಲ್ಲೇ ಇದೆ. ಇದಕ್ಕಿಂತ ನನಗೆ ಇಷ್ಟವಾದ ಸಂಗತಿ ಬೇರೆ: ಪಂದ್ಯದ ಟಿಕೆಟ್‌ನಲ್ಲೇ ಸುತ್ತಲಿನ ರೈಲು ಬಸ್ಸಿನ ಪ್ರಯಾಣವನ್ನೂ ಸೇರಿಸಿದರು. ಕೈಯಲ್ಲಿ ಆಗಲೇ ಬಸ್ಸಿನ ಟಿಕೆಟ್ ಇರುವಾಗ ಕಾರು ತೆಗೆಯಲು ಮನಸ್ಸು ಬರುವುದಿಲ್ಲ. ನಿಮ್ಮ ಗೇಟಿನ ಮುಂದೆ ನಿಲ್ಲುತ್ತಿದ್ದ ಕಾರಿಗೆ ಇದಕ್ಕಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ.

ಆದರೆ ಊರ ಹೊರಗೆ "ಯಾರಿಗೂ ತೊಂದರೆಯಿಲ್ಲ" ಎಂದಿರಲ್ಲ, ಅದನ್ನು ಒಪ್ಪಲಾರೆ. ಫಾಲ್ಮರ್ ಒಂದು ಹಳ್ಳಿ. ಅಲ್ಲಿಯವರೂ ಬೇಡ ಎಂದರು. ಪಕ್ಕದ ಲೂವಿಸ್ ಜಿಲ್ಲಾ ಆಡಳಿತ ಕೋರ್ಟಿಗೂ ಹೋಗಿತ್ತು. ನಕ್ಷೆಯಲ್ಲಿ ಖಾಲಿ ಕಾಣುವ ಜಾಗದಲ್ಲೂ ಯಾರದೋ ಹೊಲ, ಯಾರದೋ ಮನೆ, ಯಾರದೋ ದಾರಿ ಇರುತ್ತದೆ. ಅಲ್ಲಿ ದೂರು ಕೊಡುವವರ ಸಂಖ್ಯೆ ಕಡಿಮೆ, ಅಷ್ಟೇ. ನಿಮಗೆ ಆದದ್ದು ಅವರಿಗೆ ಆಗಲಿ ಎಂದು ನೀವೂ ಬಯಸುವುದಿಲ್ಲ ಎಂದು ನನಗೆ ಗೊತ್ತು.

ನಗರದ ಒಳಗೆ ಕಟ್ಟುವಾಗ ಆಗುವ ಅನ್ಯಾಯ ಬೇರೆ ಥರದ್ದು. ಅಮೆರಿಕದ ಸಿನ್ಸಿನಾಟಿ ನಗರದ ವೆಸ್ಟ್ ಎಂಡ್ ಎಂಬಲ್ಲಿ 2021ರಲ್ಲಿ 26,000 ಆಸನದ ಕ್ರೀಡಾಂಗಣ ತೆರೆಯಿತು. ಅದು ಕಪ್ಪು ಜನ ತಲೆಮಾರುಗಳಿಂದ ಬದುಕಿದ ಬಡಾವಣೆ. ಹಿಂದೆ ಹೆದ್ದಾರಿ ಮತ್ತು "ನಗರ ನವೀಕರಣ"ದ ಹೆಸರಿನಲ್ಲಿ ಆ ಬಡಾವಣೆಯಿಂದ ಸುಮಾರು 25,000 ಜನರನ್ನು ಎಬ್ಬಿಸಲಾಗಿತ್ತು. ಅದನ್ನು ಮರೆಯದ ಜನರ ಮುಂದೆ ಮತ್ತೆ ಬುಲ್ಡೋಜರ್ ಬಂದರೆ ಹೇಗಾಗಬೇಡ? ಕ್ಲಬ್ ಆ ಬಡಾವಣೆಯ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಆದರೂ ಕೆಲವು ಬಾಡಿಗೆದಾರರು ಮನೆ ಬಿಡಬೇಕಾಯಿತು. ನಗರದ ನಡುವೆ ಜಾಗ ಹುಡುಕುವಾಗ ಬಡವರ ಬೀದಿಯೇ ಮೊದಲು ಕಣ್ಣಿಗೆ ಬೀಳುವುದು ನನಗೆ ಸರಿ ಕಾಣುವುದಿಲ್ಲ. ಮುಚ್ಚಿದ ಕಾರ್ಖಾನೆ, ಹಳೆಯ ರೈಲ್ವೆ ಯಾರ್ಡ್, ಬಳಕೆ ನಿಂತ ಬಸ್ ಡಿಪೊ ಇಂಥವನ್ನು ಮೊದಲು ನೋಡಲಿ. ಅಮೆರಿಕದ್ದೇ ಆದ ಮಿನ್ನೆಸೋಟ ಯುನೈಟೆಡ್ ತಂಡದ ಅಲಿಯಾನ್ಸ್ ಫೀಲ್ಡ್ ಕ್ರೀಡಾಂಗಣ 2019ರಲ್ಲಿ ಬಂದದ್ದು ಹಳೆಯ ಬಸ್ ಡಿಪೊ ಇದ್ದ ಜಾಗದಲ್ಲಿ, ಎದುರಿಗೇ ಲಘು ರೈಲು ಓಡುತ್ತದೆ. ಮಣ್ಣು ವಿಷವಾಗಿದ್ದರೆ ಶುಚಿ ಮಾಡುವ ಖರ್ಚು ಇದ್ದೇ ಇದೆ. ಅದನ್ನು ಮೊದಲ ದಿನವೇ ಲೆಕ್ಕಕ್ಕೆ ಹಾಕಲಿ.

ಇನ್ನೂ ಒಂದು ದಾರಿಯಿದೆ, ಅದನ್ನು ಯಾಕೋ ಜನ ಮರೆಯುತ್ತಾರೆ: ಇರುವಲ್ಲೇ ಕಟ್ಟುವುದು. ಸ್ಪೇನಿನ ಬಿಲ್ಬಾವೊದ ಅಥ್ಲೆಟಿಕ್ ಕ್ಲಬ್ ಹಳೆಯ ಸಾನ್ ಮಾಮೇಸ್ ಕ್ರೀಡಾಂಗಣದ ಮಗ್ಗುಲಲ್ಲೇ ಹೊಸದನ್ನು ಎಬ್ಬಿಸಿತು. ಮೊದಲು ಮೂರು ಬದಿಯ ಗ್ಯಾಲರಿ ಕಟ್ಟಿದರು. ಹಳೆಯದನ್ನು ಕೆಡವಿ ಆ ಜಾಗದಲ್ಲಿ ನಾಲ್ಕನೆಯದನ್ನು ಮುಗಿಸಿದರು. 2013ರಲ್ಲಿ ಮೂರೇ ಬದಿಯಲ್ಲಿ ಆಟ ಶುರುವಾಗಿತ್ತು. ಜನ ನಡೆದು ಬರುವ ದಾರಿ ಬದಲಾಗಲಿಲ್ಲ. ಲಂಡನ್ನಿನ ಟಾಟನ್‌ಹ್ಯಾಮ್ ಕ್ಲಬ್ ಕೂಡ ಹಳೆಯ ಜಾಗದಲ್ಲೇ ಕಟ್ಟಿ 2019ರಲ್ಲಿ ಒಳಗೆ ಬಂತು.

ಆದಾಯದ ಮಾತು ಜಾಸ್ತಿ ಬೇಡ. "ಕ್ರೀಡಾಂಗಣ ಬಂದರೆ ಊರು ಉದ್ಧಾರ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜನ ಬೇರೆ ಕಡೆ ಖರ್ಚು ಮಾಡುತ್ತಿದ್ದ ಹಣವೇ ಇಲ್ಲಿಗೆ ಬರುತ್ತದೆ ಎನ್ನುವುದರಲ್ಲಿ ಅರ್ಥಶಾಸ್ತ್ರಜ್ಞರಲ್ಲಿ ಬಹುತೇಕರು ಒಂದೇ ಮಾತಿನವರು. ಕ್ರೀಡಾಂಗಣ ಬೇಕು ಎನ್ನುವುದಾದರೆ ಅದು ಜನ ಒಟ್ಟಾಗಿ ಕೂತು ಖುಷಿಪಡುವ ಜಾಗ ಎಂಬ ಕಾರಣಕ್ಕೆ ಬೇಕು. ನನಗೆ ಅಷ್ಟು ಸಾಕು.

ಈಗ ನಿಮ್ಮ ಪ್ರಶ್ನೆ. ನನ್ನ ಮನೆ ಪಕ್ಕ ಕಟ್ಟಿದರೆ ಒಪ್ಪುತ್ತೇನಾ?

ಒಪ್ಪುತ್ತೇನೆ, ಆದರೆ ಬಾಯಿ ಮಾತಿಗಲ್ಲ. ಪಂದ್ಯದ ದಿನ ಸುತ್ತಲಿನ ಬೀದಿಗಳಲ್ಲಿ ಅಲ್ಲಿನ ನಿವಾಸಿಗಳ ಕಾರಿಗೆ ಮಾತ್ರ ಜಾಗ ಎಂದು ಬರೆದು ಕೊಡಬೇಕು. ಅದನ್ನು ಕಾಯುವ ಸಿಬ್ಬಂದಿಯ ಸಂಬಳ ಕ್ಲಬ್‌ನದು. ವರ್ಷಕ್ಕೆ ಎಷ್ಟು ಪಂದ್ಯ, ಎಷ್ಟು ಸಂಗೀತ ಕಾರ್ಯಕ್ರಮ, ದೀಪ ಎಷ್ಟು ಹೊತ್ತಿಗೆ ಆರಬೇಕು ಎನ್ನುವುದು ಅನುಮತಿ ಪತ್ರದಲ್ಲೇ ಇರಬೇಕು. ಬೆಳಗಾಗುವುದರೊಳಗೆ ಬೀದಿ ಗುಡಿಸಿರಬೇಕು, ದಾರಿಯುದ್ದಕ್ಕೂ ಶೌಚಾಲಯ ಇರಬೇಕು. ನಿಮ್ಮ ಕಾಂಪೌಂಡ್ ಗೋಡೆಯನ್ನು ನೆನೆದೇ ಈ ಕೊನೆಯದನ್ನು ಬರೆದೆ. ಮಾತು ತಪ್ಪಿದರೆ ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ನಗರಾಡಳಿತಕ್ಕೆ ಇರಬೇಕು. ಟಿಕೆಟ್‌ನಲ್ಲಿ ರೈಲು ಬಸ್ಸಿನ ಪ್ರಯಾಣ ಸೇರಿರಬೇಕು. ಇದಿಷ್ಟೂ ಅಡಿಪಾಯ ಹಾಕುವ ಮುಂಚೆ ಆಗಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ನೀವು ಪಟ್ಟ ಪಾಡಿನ ಹನ್ನೊಂದು ವರ್ಷದಲ್ಲಿ ಇವುಗಳಲ್ಲಿ ಒಂದನ್ನೂ ಯಾರೂ ನಿಮಗೆ ಬರೆದುಕೊಟ್ಟಿರಲಿಲ್ಲ. ಅದಕ್ಕೇ ನೀವು ಊರ ಹೊರಗೆ ಕಟ್ಟಿ ಎನ್ನುತ್ತಿದ್ದೀರಿ ಎಂದು ನನಗೆ ಅನ್ನಿಸುತ್ತದೆ. ತಪ್ಪಾಗಿದ್ದರೆ ಬರೆದು ತಿಳಿಸಿ. ನಿಮ್ಮ ಪತ್ರವನ್ನು, ಹೆಸರು ಬಿಟ್ಟು, ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತೇವೆ. ಗೋಡೆಯ ಕಥೆಯನ್ನೂ ಹಾಕಬಹುದೇ ಎಂದು ದಯವಿಟ್ಟು ಹೇಳಿ.

ಸಂಪಾದಕ