ಬೇಗ ಬಿಟ್ಟಿದ್ದಲ್ಲ, ನಡುವೆ ಕಳ್ಕೊಂಡಿದ್ದು

ನಮಸ್ಕಾರ. ನಿಮ್ಮ ಪತ್ರ ಉದ್ದ ಇತ್ತು, ಸಿಟ್ಟೂ ಜೋರಾಗೇ ಇತ್ತು, ಆದ್ರೆ ವಿಷಯ ಇಟ್ಕೊಂಡು ಬರ್ದಿದೀರ, ಅದಕ್ಕೆ ಉತ್ತರನೂ ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ. ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ಮೊದ್ಲು ಪತ್ರದ ಸಾರ ಹೇಳ್ಬಿಡ್ತೀನಿ. ಅಮೆರಿಕದ ಬಾಕ್ಸರ್ ಆಂಡ್ರೆ ವಾರ್ಡ್ ತಲೆ ಓಡಿಸಿ ಆಡೋದ್ರಲ್ಲಿ ಅವನ ಕಾಲದಲ್ಲಿ ಎಲ್ಲರಿಗಿಂತ ಮುಂದಿದ್ದ ಅಂತ ನಾವು ಬರೆದಿದ್ವಿ. ನೀವು ಕೇಳೋದು, 33 ವರ್ಷಕ್ಕೇ ಮೂರು ವಿಶ್ವ ಚಾಂಪಿಯನ್ ಬೆಲ್ಟ್ ಇಟ್ಕೊಂಡು ಎದ್ದು ಹೋದವನನ್ನ ಅಷ್ಟು ಹೊಗಳೋದ್ಯಾಕೆ, ಅದೇ ತೂಕದ ಬಾಕ್ಸರ್‌ಗಳಾದ ಬೆಟರ್ಬಿಯೆವ್, ಬಿವೋಲ್ ಎದುರಿಗೆ ಬರೋ ಹೊತ್ತಿಗೆ ಸೋಲಿಲ್ಲದ ರೆಕಾರ್ಡ್ ಕಾಪಾಡ್ಕೊಳ್ಳೋಕೆ ಜಾಗ ಖಾಲಿ ಮಾಡ್ದ, ಮುಹಮ್ಮದ್ ಅಲಿ ತರ ಕೊನೇವರೆಗೂ ಆಡೋನೇ ನಿಜವಾದ ಚಾಂಪಿಯನ್, ಅಂತ.

ಮೊದ್ಲು ಆ ಓಡಿಹೋದ ಅನ್ನೋ ಮಾತು ನೋಡೋಣ. ವಾರ್ಡ್ ನಿವೃತ್ತಿ ಹೇಳಿದ್ದು 2017ರ ಸೆಪ್ಟೆಂಬರ್‌ನಲ್ಲಿ, ರೆಕಾರ್ಡ್ 32 ಗೆಲುವು, ಸೋಲು ಇಲ್ಲ, 16 ನಾಕೌಟ್. ಅವನು ಕೊಟ್ಟ ಕಾರಣ ತುಂಬಾ ಸರಳ, ಈ ಆಟದ ಹೊಡೆತ ತಡ್ಕೊಳ್ಳೋಕೆ ಮೈ ಕೇಳ್ತಿಲ್ಲ, ಮೈ ಕೇಳ್ದೇ ಇದ್ದಾಗ ಆಡೋ ಆಸೆನೂ ಹೋಯ್ತು ಅಂತ. ನೀವು ಇದನ್ನ ನೆಪ ಅಂತೀರ. ಸರಿ, ನೆಪ ಅಂತಾನೇ ಇಟ್ಕೊಳ್ಳೋಣ, ಆದ್ರೆ ಸೋಲಿನ ಭಯ ಇದ್ದವನು 168 ಪೌಂಡ್ ತೂಕದಲ್ಲಿ ಎಲ್ಲರನ್ನೂ ಮುಗಿಸಿ ಹಾಯಾಗಿ ಇರೋದು ಬಿಟ್ಟು 175ಕ್ಕೆ ಏರಿ ಸೆರ್ಗೆಯ್ ಕೊವಾಲೆವ್ ಮುಂದೆ ಯಾಕೆ ಹೋಗಿ ನಿಂತ್ಕೊಂಡ? ಆ ತೂಕದಲ್ಲಿ ಆಗ ಕೊವಾಲೆವ್‌ನಷ್ಟು ಭಯ ಹುಟ್ಸೋ ಏಟು ಹೊಡೆಯೋನು ಇನ್ನೊಬ್ಬ ಇರ್ಲಿಲ್ಲ. ಬೆಟರ್ಬಿಯೆವ್ ಮತ್ತೆ ಬಿವೋಲ್ ವಿಷ್ಯಕ್ಕೆ ಬಂದ್ರೆ, ಇವತ್ತು ಆ ಹೆಸರು ಕೇಳಿದ್ರೆ ನಡುಕ ಬರುತ್ತೆ ನಿಜ, ಆದ್ರೆ ವಾರ್ಡ್ ಬಿಟ್ಟ ದಿನ ಇಬ್ಬರೂ ಪ್ರೊಫೆಷನಲ್ ಆಗಿ ತಲಾ 11 ಫೈಟ್ ಅಷ್ಟೇ ಆಡಿದ್ರು, ಪೂರ್ಣ ವಿಶ್ವ ಚಾಂಪಿಯನ್ ಬೆಲ್ಟೂ ಇಲ್ಲ ಟಿಕೆಟ್ ಮಾರೋ ಹೆಸರೂ ಇಲ್ಲ. ವಾರ್ಡ್ ಬಿಟ್ಟ ಐಬಿಎಫ್ (ಬೆಲ್ಟ್ ಕೊಡೋ ಅಂತಾರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆಗಳಲ್ಲಿ ಒಂದು) ಬೆಲ್ಟ್ ಬೆಟರ್ಬಿಯೆವ್ ಕೈಗೆ ಬಂದಿದ್ದೇ ಆ ವರ್ಷ ನವೆಂಬರ್‌ನಲ್ಲಿ. ಅವರಿಬ್ಬರು ರಿಯಾದ್‌ನಲ್ಲಿ ಒಬ್ಬರಿಗೊಬ್ಬರು ಎದುರಾಗೋಕೆ 2024ರ ಅಕ್ಟೋಬರ್ ಬರ್ಬೇಕಾಯ್ತು, ಅಷ್ಟು ಹೊತ್ತಿಗೆ ವಾರ್ಡ್‌ಗೆ 40 ದಾಟಿತ್ತು. ಈಗ ಗೊತ್ತಿರೋದನ್ನ ಆಗಿನ ವಾರ್ಡ್ ತಲೆಗೆ ಕಟ್ಟೋದು ನ್ಯಾಯ ಅಲ್ಲ.

ಅಲಿ ಮಾತು ತೆಗೆದ್ರಲ್ಲ, ಅದಕ್ಕೂ ಹೇಳ್ಬೇಕು. 1980ರ ಅಕ್ಟೋಬರ್ 2, ಲಾಸ್ ವೇಗಸ್, ಅಲಿಗೆ 38, ಎದುರಿಗೆ ಲ್ಯಾರಿ ಹೋಮ್ಸ್, ಒಂದು ಕಾಲದಲ್ಲಿ ಅಲಿಯ ಸ್ಪಾರಿಂಗ್ ಪಾರ್ಟ್ನರ್, ಅಂದ್ರೆ ಅಭ್ಯಾಸದ ಜೊತೆಗಾರ, ಆಗಿದ್ದವನು. ಅಲಿ ಕೈ ಎತ್ತೋಕೂ ಆಗ್ದೆ ನಿಂತಿದ್ದ, ಹೋಮ್ಸ್ ಹೊಡೀತಾ ಹೊಡೀತಾ ನಡುವೆ ರೆಫರಿ ಮುಖ ನೋಡ್ತಿದ್ದ ನಿಲ್ಸೋ ಮಾರಾಯ ಅನ್ನೋ ಹಾಗೆ, ಕೊನೆಗೆ ಹತ್ತನೇ ರೌಂಡ್ ಆದ್ಮೇಲೆ ಅಲಿಯ ಕೋಚ್ ಏಂಜೆಲೊ ಡಂಡೀ ಕಾರ್ನರ್‌ನಿಂದ ಸಾಕು ಅಂದ. ಗೆದ್ದವನೇ ಆಮೇಲೆ ಅತ್ತ. ಅಷ್ಟಾದ್ರೂ ಅಲಿ ಮರು ವರ್ಷ ಬಹಾಮಾಸ್‌ನಲ್ಲಿ ಟ್ರೆವರ್ ಬರ್ಬಿಕ್ ಜೊತೆ ಇನ್ನೊಂದು ಆಡಿ ಅದನ್ನೂ ಸೋತ. ಅಲಿ ದೊಡ್ಡವನಾಗಿದ್ದು ಆ ಎರಡು ಫೈಟಿಂದ ಅಲ್ಲ, ಅವು ಇಲ್ದೇ ಇದ್ದಿದ್ರೆ ಅವನ ಹೆಸರಿಂದ ಒಂದು ಚೂರೂ ಕಮ್ಮಿ ಆಗ್ತಿರ್ಲಿಲ್ಲ. ಹಳೇ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್‌ದೂ ಅದೇ ಕಥೆ, ಟ್ಯಾಕ್ಸ್ ಸಾಲ ಕುತ್ತಿಗೆಗೆ ಬಂದಿದ್ರಿಂದ ವಾಪಸ್ ಬಂದು 1951ರಲ್ಲಿ ರಾಕಿ ಮಾರ್ಸಿಯಾನೋ ಕೈಲಿ ಹಗ್ಗದಾಚೆ ಬಿದ್ದ. ಆ ಮಾರ್ಸಿಯಾನೋ ಮಾತ್ರ ಪಾಠ ಕಲ್ತ ಅನ್ಸುತ್ತೆ, 49 ಗೆದ್ದು 32ನೇ ವಯಸ್ಸಿಗೆ ಮನೆಗೆ ಹೋದ, ಮತ್ತೆ ಬರ್ಲಿಲ್ಲ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂದ್ಕೊಂಡಿದ್ದಕ್ಕೆ ಬರ್ತೀನಿ. ವಾರ್ಡ್ ಕರಿಯರ್‌ನಲ್ಲಿ ಒಂದು ದೊಡ್ಡ ತೂತಿದೆ, ಅದ್ರಲ್ಲಿ ನಾನು ನಿಮ್ಮ ಜೊತೆ. ಆದ್ರೆ ನೀವು ಅದನ್ನ ಕೊನೇಲಿ ಹುಡುಕ್ತಿದೀರ, ಅದು ಇರೋದು ನಡುವೆ.

ಲೆಕ್ಕ ನೋಡಿ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಲೈಟ್ ಹೆವಿವೇಟ್ ಚಿನ್ನ, 20 ವರ್ಷದ ಹುಡುಗ, ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಿದ್ದ, ಚಿಕ್ಕಂದಿನಿಂದ ಕೋಚ್ ಆಗಿದ್ದ ವರ್ಜಿಲ್ ಹಂಟರ್ರೇ ಎಲ್ಲಾ. (ಅವತ್ತಿಂದ ಇವತ್ತಿನವರೆಗೆ ಅಮೆರಿಕದ ಗಂಡಸರಿಗೆ ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ಇನ್ನೊಂದು ಚಿನ್ನ ಬಂದಿಲ್ಲ, ಇದೂ ಗೊತ್ತಿರ್ಲಿ.) 2009ರಲ್ಲಿ 168 ಪೌಂಡ್ ತೂಕದ ಆರು ಬಾಕ್ಸರ್‌ಗಳ ಸೂಪರ್ ಸಿಕ್ಸ್ ಟೂರ್ನಮೆಂಟ್ ಶುರು ಆಯ್ತು, ಆ ಆರು ಜನದಲ್ಲಿ ವಾರ್ಡ್ ಗೆಲ್ತಾನೆ ಅಂದವರು ಕಮ್ಮಿ. ಮೊದಲ ಫೈಟಲ್ಲೇ ಓಕ್‌ಲ್ಯಾಂಡ್‌ನಲ್ಲಿ ಮಿಕೆಲ್ ಕೆಸ್ಲರ್‌ಗೆ ಏನಾಗ್ತಿದೆ ಅಂತಾನೇ ತಿಳೀದ ಹಾಗೆ ಆಡಿ ಬೆಲ್ಟ್ ಕಿತ್ಕೊಂಡ. 2011ರ ಡಿಸೆಂಬರ್‌ನಲ್ಲಿ ಫೈನಲ್, ಅಟ್ಲಾಂಟಿಕ್ ಸಿಟಿ, ಕಾರ್ಲ್ ಫ್ರಾಚ್‌ನ ಪಾಯಿಂಟಲ್ಲಿ ಸೋಲಿಸಿದ. 2012ರ ಸೆಪ್ಟೆಂಬರ್‌ನಲ್ಲಿ ಚಾಡ್ ಡಾಸನ್‌ನ ಹತ್ತನೇ ರೌಂಡಲ್ಲಿ ನಿಲ್ಸಿದ. ವಯಸ್ಸು 28, ಮೇಲೆ ಆಕಾಶ ಒಂದೇ ಬಾಕಿ ಅನ್ನೋ ಸ್ಥಿತಿ.

ಅಲ್ಲಿಗೆ ನಿಂತೋಯ್ತು. ಮೊದ್ಲು ಬಲ ಭುಜದ ಸರ್ಜರಿ, ಕೆಲ್ಲಿ ಪಾವ್ಲಿಕ್ ಜೊತೆ ಫಿಕ್ಸ್ ಆಗಿದ್ದ ಫೈಟ್ ಕ್ಯಾನ್ಸಲ್. ಆಮೇಲೆ ಪ್ರಮೋಟರ್ ಡ್ಯಾನ್ ಗೂಸನ್ ಜೊತೆ ಕಾಂಟ್ರಾಕ್ಟ್ ಜಗಳ, ವಾರ್ಡ್ ಹೊರಗೆ ಬರ್ಬೇಕು ಅಂತ, ತೀರ್ಪು ಮಾತ್ರ ಅವನ ಕಡೆಗೆ ಬರ್ಲಿಲ್ಲ. ಗೂಸನ್ 2014ರಲ್ಲಿ ತೀರಿಕೊಂಡ್ರು, 2015ರ ಜನವರಿಗೆ ವಾರ್ಡ್ ಹೊಸ ಕಂಪನಿಗೆ ಸೈನ್ ಮಾಡ್ದ, ಜೂನ್‌ನಲ್ಲಿ ರಿಂಗಿಗೆ ಬಂದ. ಡಾಸನ್ ಫೈಟಿಂದ ಅಲ್ಲೀವರೆಗೆ ಎರಡು ಮುಕ್ಕಾಲು ವರ್ಷ, ಅಷ್ಟ್ರಲ್ಲಿ ಆಡಿದ್ದು ಒಂದೇ ಒಂದು, 2013ರ ನವೆಂಬರ್‌ನಲ್ಲಿ ಎಡ್ವಿನ್ ರೊಡ್ರಿಗಸ್ ಜೊತೆ. ಅದೇ ಸಮಯದಲ್ಲಿ ಇವನ ಕೈಲಿ ಸೋತಿದ್ದ ಫ್ರಾಚ್ 2014ರ ಮೇ ತಿಂಗಳಲ್ಲಿ ಲಂಡನ್ ವೆಂಬ್ಲಿಯಲ್ಲಿ 80,000 ಜನರ ಮುಂದೆ ಜಾರ್ಜ್ ಗ್ರೋವ್ಸ್‌ನ ಒಂದೇ ಬಲಗೈ ಏಟಿಗೆ ಮಲಗಿಸಿ ಹೀರೋ ಆದ. ಗೆದ್ದವನು ಲಾಯರ್ ಜೊತೆ ಕೂತಿದ್ದ, ಸೋತವನು ಸ್ಟೇಡಿಯಂ ತುಂಬಿಸ್ತಿದ್ದ. ಹೊಟ್ಟೆ ಉರಿಯುತ್ತೆ ಇದನ್ನ ನೆನೆಸ್ಕೊಂಡ್ರೆ. ತಪ್ಪು ಯಾರ್ದು ಅಂತ ನಾನು ತೀರ್ಪು ಕೊಡೋಕೆ ಹೋಗಲ್ಲ, ಆದ್ರೆ ಸಹಿ ಹಾಕಿದ ಕಾಂಟ್ರಾಕ್ಟ್ ಜೊತೆ ಗುದ್ದಾಡಿ ತನ್ನ ಒಳ್ಳೇ ವಯಸ್ಸನ್ನ ಖರ್ಚು ಮಾಡಿದ್ದರಲ್ಲಿ ವಾರ್ಡ್ ಹಟದ ಪಾಲೂ ಇದೆ. ನೀವು ಬೈಯೋದಾದ್ರೆ ಇದಕ್ಕೆ ಬೈಯಿರಿ, ನಾನೂ ದನಿ ಸೇರಿಸ್ತೀನಿ.

ವಾಪಸ್ ಬಂದಾಗ ಅವನು ಮೊದಲಿನ ವಾರ್ಡ್ ಆಗಿರ್ಲಿಲ್ಲ, ಕಾಲಿನ ಚಲನೆ ಅರ್ಧ ಸೆಕೆಂಡ್ ತಡ ಅನ್ನಿಸ್ತಿತ್ತು. ಅದಕ್ಕೇ 2016ರ ನವೆಂಬರ್‌ನ ಆ ಮೊದಲ ಕೊವಾಲೆವ್ ಫೈಟ್ ನನಗೆ ಇಷ್ಟ. ಎರಡನೇ ರೌಂಡಲ್ಲಿ ಕೊವಾಲೆವ್ ಬಲಗೈ ನೇರ ಬಂತು, ವಾರ್ಡ್ ಕೈ ನೆಲಕ್ಕೆ ಊರಿ ಬಿದ್ದ. ಎದ್ದ, ಹಿಂದೆ ಸರಿಯೋ ಬದ್ಲು ಹತ್ರ ಹೋದ, ತಲೇನ ಕೊವಾಲೆವ್ ಭುಜದ ಕೆಳಗೆ ತೂರಿಸಿ ತಬ್ಕೊಂಡು, ಬಿಡಿಸ್ಕೊಳ್ಳೋವಾಗ ಒಂದು, ಹೊಟ್ಟೆಗೆ ಒಂದು ಜ್ಯಾಬ್ (ಮುಂದಿನ ಕೈಯಿಂದ ನೇರ ಚುರುಕು ಏಟು), ಹೀಗೆ ರೌಂಡ್ ರೌಂಡಿಗೂ ಅವನ ಉಸಿರು ಕದೀತಾ ಹೋದ. ನೋಡೋಕೆ ಚೆಂದ ಅಲ್ಲ, ಕ್ಲಿಂಚ್, ಅಂದ್ರೆ ತಬ್ಕೊಂಡು ಹಿಡಿಯೋದು, ಜಾಸ್ತಿ, ಬೋರು ಅಂದವರಿಗೂ ಕಾರಣ ಇದೆ. ಮೂರೂ ಜಡ್ಜ್‌ಗಳದ್ದು 114-113, ವಾರ್ಡ್ ಕಡೆಗೆ, ಒಂದೇ ಪಾಯಿಂಟಲ್ಲಿ. ಮರು ವರ್ಷ ಜೂನ್‌ನಲ್ಲಿ ರಿಮ್ಯಾಚ್, ಎಂಟನೇ ರೌಂಡಲ್ಲಿ ಬಲಗೈ ಏಟಿಗೆ ಕೊವಾಲೆವ್ ಕಾಲು ಅದುರಿತು, ಆಮೇಲೆ ಹೊಟ್ಟೆಗೆ ಮೇಲಿಂದ ಮೇಲೆ, ಬಗ್ಗಿ ಹಗ್ಗದ ಮೇಲೆ ಕೂತೇ ಬಿಟ್ಟ, ರೆಫರಿ ಟೋನಿ ವೀಕ್ಸ್ ನಿಲ್ಸಿದ್ರು. ಕೆಲವು ಏಟು ಸೊಂಟದ ಕೆಳಗೆ, ನಿಯಮ ಮೀರಿ ಬಿತ್ತು ಅನ್ನೋ ಗಲಾಟೆ ಇವತ್ತಿಗೂ ಇದೆ, ನನ್ನ ಕಣ್ಣಿಗೆ ಒಂದೆರಡು ಕೆಳಗೇ ಇತ್ತು, ಆದ್ರೆ ಅಷ್ಟೊತ್ತಿಗೆ ಕೊವಾಲೆವ್ ಒಳಗಿಂದ ಖಾಲಿ ಆಗಿದ್ದ. ಮೂರು ತಿಂಗಳಾದ್ಮೇಲೆ ನಿವೃತ್ತಿ.

ಬಾಕ್ಸಿಂಗ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ವಾರ್ಡ್ ಮೇವೆದರ್, ವ್ಲಾಡಿಮಿರ್ ಕ್ಲಿಚ್ಕೋ ಜೊತೆ 2021ರ ಪಟ್ಟಿಯಲ್ಲಿ ಹೋದ, ಅದು ನಿಮ್ಮನ್ನ ಒಪ್ಪಿಸಲ್ಲ ಅಂತ ಗೊತ್ತು ಬಿಡಿ.

ಪತ್ರದ ಕೊನೇಲಿ ಒಂದೇ ಫೈಟ್ ನೋಡೋದಾದ್ರೆ ಯಾವ್ದು ಅಂತ ಕೇಳಿದೀರ. ಕೆಸ್ಲರ್ ಫೈಟ್ ನೋಡಿ, ಆಗ ಅವನು ಪೂರ್ತಿ ಇದ್ದ. ಮನಸ್ಸಾದ್ರೆ ಮೊದಲ ಕೊವಾಲೆವ್ ಫೈಟನ್ನ ಕಾಮೆಂಟರಿ ಸೌಂಡ್ ಆಫ್ ಮಾಡಿ ರೌಂಡ್ ಪ್ರಕಾರ ಸ್ಕೋರ್ ಬರೀರಿ. ನನ್ನ ಕಾರ್ಡಲ್ಲಿ ಕೊವಾಲೆವ್ ಒಂದು ಪಾಯಿಂಟಲ್ಲಿ ಗೆದ್ದಿದ್ದ. ನಿಮ್ದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.

-ಸಂ.