ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾಂಬು ಬೀಳದ ಊರಿಗೂ ಯುದ್ಧ ಬಂದಿತ್ತು

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಚಿಕ್ಕ ಊರುಗಳಲ್ಲಿ ಜನ ಹೇಗೆ ಬದುಕಿದರು ಅಂತ ಹೋದ ಸಂಚಿಕೆಯಲ್ಲಿ ನಾಲ್ಕು ಮಾತು ಬರೆದಿದ್ದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ. ಆರು ಪ್ರಶ್ನೆ ತಗೊಂಡಿದ್ದೇನೆ.

ಅಷ್ಟು ಶ್ರೀಮಂತ ದೇಶ. ಅಲ್ಲೂ ಸಕ್ಕರೆಗೆ ರೇಷನ್ ಕಾರ್ಡ್ ಇತ್ತು ಅಂದರೆ ನಂಬೋಕೆ ಆಗಲ್ಲ. ನಿಜಾನಾ? (ಗೃಹಿಣಿ, ಚಿಂತಾಮಣಿ)

ನಿಜಾನೇ ಅಮ್ಮ. ಕಾರ್ಡ್ ಅಲ್ಲ, ಪುಸ್ತಕ. 1941ರ ಡಿಸೆಂಬರ್ 7ರಂದು ಜಪಾನ್ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತಲ್ಲ, ಆಮೇಲೆ ಐದೇ ತಿಂಗಳಲ್ಲಿ, 1942ರ ಮೇ ತಿಂಗಳಲ್ಲಿ, ಕೈಕೂಸಿನಿಂದ ಹಿಡಿದು ಮುದುಕರ ತನಕ ಮನೆಯ ಪ್ರತಿಯೊಬ್ಬರ ಹೆಸರಿಗೂ ಒಂದೊಂದು ರೇಷನ್ ಪುಸ್ತಕ ಬಂತು. ಹೆಸರು ಬರೆದುಕೊಂಡವರು ಯಾರು ಗೊತ್ತಾ? ಊರಿನ ಶಾಲೆಯ ಮೇಷ್ಟ್ರುಗಳು. ನಮ್ಮಲ್ಲಿ ಜನಗಣತಿಗೂ ಚುನಾವಣೆಗೂ ಅವರನ್ನೇ ಕರೆಯುತ್ತಾರೆ, ಅಲ್ವಾ, ಹಾಗೆಯೇ.

ಮೊದಲ ಪುಸ್ತಕದಲ್ಲಿ ಸಕ್ಕರೆಯದೇ ಚೀಟಿ. ತಲೆಗೆ ವಾರಕ್ಕೆ ಅರ್ಧ ಪೌಂಡ್, ಅಂದರೆ ಸುಮಾರು 225 ಗ್ರಾಂ. ಫಿಲಿಪೈನ್ಸಿನಿಂದ ಬರುತ್ತಿದ್ದ ಸಕ್ಕರೆ ನಿಂತಿತ್ತು, ಸಕ್ಕರೆ ಹೊರುವ ಹಡಗುಗಳು ಯುದ್ಧದ ಕೆಲಸಕ್ಕೆ ಹೋಗಿದ್ದವು. ಆ ವರ್ಷದ ಕೊನೆಗೆ ಕಾಫಿಯೂ ಸೇರಿತು. ದೊಡ್ಡವರಿಗೆ ಐದು ವಾರಕ್ಕೆ ಒಂದು ಪೌಂಡ್ ಪುಡಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಫಿಲ್ಟರ್ ಹಾಕುವ ನಮಗೆ ಇದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಾಗಿಲ್ಲ. 1943ರಲ್ಲಿ ಮಾಂಸ, ಬೆಣ್ಣೆ, ಡಬ್ಬಿಯ ತರಕಾರಿ ಎಲ್ಲಕ್ಕೂ ಪಾಯಿಂಟ್ ಲೆಕ್ಕ ಬಂತು. ಮಾಂಸ, ಬೆಣ್ಣೆಗೆ ಕೆಂಪು ಚೀಟಿ, ಡಬ್ಬಿ ಪದಾರ್ಥಕ್ಕೆ ನೀಲಿ ಚೀಟಿ. ಬರೀ ದುಡ್ಡಿದ್ದರೆ ಸಾಲದು, ದುಡ್ಡಿನ ಜೊತೆ ಪಾಯಿಂಟೂ ಕೊಡಬೇಕು. ಅಂಗಡಿಗೆ ಹೋದ ಹೆಂಗಸು ಎರಡು ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳಬೇಕಿತ್ತು. ಚಪ್ಪಲಿ, ಬೂಟು ಸಹ ವರ್ಷಕ್ಕೆ ಮೂರು ಜೊತೆ ಮಾತ್ರ.

ಪೆಟ್ರೋಲಿನದು ಬೇರೆ ಕಥೆ. ಅಮೆರಿಕದಲ್ಲಿ ಪೆಟ್ರೋಲಿಗೆ ಅಷ್ಟು ಬರ ಇರಲಿಲ್ಲ, ಬರ ಇದ್ದದ್ದು ಟೈರಿಗೆ. ರಬ್ಬರ್ ಬರುತ್ತಿದ್ದ ಮಲಯಾ ಜಪಾನಿನ ಕೈಗೆ ಹೋಗಿತ್ತು. ಗಾಡಿ ಕಡಿಮೆ ಓಡಿದರೆ ಟೈರ್ ಉಳಿಯುತ್ತೆ ಅಂತ ಪೆಟ್ರೋಲಿಗೂ ರೇಷನ್ ಹಾಕಿದರು. ಸಾಮಾನ್ಯರ ಕಾರಿಗೆ 'ಎ' ಸ್ಟಿಕ್ಕರ್, ಮೊದಮೊದಲು ವಾರಕ್ಕೆ 4 ಗ್ಯಾಲನ್, ಸುಮಾರು 15 ಲೀಟರ್. ವೇಗದ ಮಿತಿ ಗಂಟೆಗೆ 35 ಮೈಲಿ.

ಕದ್ದು ಮಾರುವವರೂ ಇದ್ದರು, ಅದನ್ನು ಮುಚ್ಚಿಡುವುದು ಬೇಡ. ಆದರೂ ಈ ಪದ್ಧತಿ ನಡೆಯಿತು. ಯಾಕೆ ಅಂದರೆ ಯಾರಿಗೆ ಎಷ್ಟು ಅಂತ ತೀರ್ಮಾನ ಮಾಡುತ್ತಿದ್ದ ಸಮಿತಿಯಲ್ಲಿ ಕೂತಿದ್ದವರು ಅದೇ ಊರಿನ ಜನ, ಸಂಬಳ ಇಲ್ಲದೆ ಕೆಲಸ ಮಾಡುತ್ತಿದ್ದವರು. ಪಕ್ಕದ ಮನೆಯವನ ಮುಂದೆ ಸುಳ್ಳು ಹೇಳುವುದು ಅಷ್ಟು ಸುಲಭ ಅಲ್ಲ. ಯುದ್ಧ ಮುಗಿದ ಮೇಲೂ ಸಕ್ಕರೆ ರೇಷನ್ ಬಿಡಲಿಲ್ಲ, 1947ರ ಜೂನ್ ತನಕ ಇತ್ತು.

ನಾನು ಟೊಮೆಟೊ ಬೆಳೆಯುವವನು. ಮನೆ ಹಿತ್ತಲಲ್ಲಿ ತರಕಾರಿ ಬೆಳೆದು ಒಂದು ದೇಶ ಉಂಡಿತು ಅಂತ ಬರೆದಿದ್ದೀರಿ. ಆಗೋ ಮಾತಾ? (ರೈತ, ಶ್ರೀನಿವಾಸಪುರ)

ಇಡೀ ದೇಶ ಉಣ್ಣಲಿಲ್ಲ, ಆದರೆ ದೊಡ್ಡ ಪಾಲು ಬಂತು. 1943ರ ಹೊತ್ತಿಗೆ ಇಂಥ ತೋಟಗಳು ಸುಮಾರು 2 ಕೋಟಿ ಇದ್ದವು ಅಂತ ಅಂದಾಜು. ದೇಶದ ತಾಜಾ ತರಕಾರಿಯಲ್ಲಿ ಸುಮಾರು ಶೇಕಡಾ 40 ಅಲ್ಲಿಂದಲೇ ಬಂತು ಅನ್ನುತ್ತಾರೆ. ವಿಕ್ಟರಿ ಗಾರ್ಡನ್ ಅಂತ ಅದರ ಹೆಸರು. ಅಧ್ಯಕ್ಷರ ಹೆಂಡತಿ ಎಲಿನಾರ್ ರೂಸ್‌ವೆಲ್ಟ್ ಶ್ವೇತಭವನದ ಅಂಗಳದಲ್ಲೇ ಒಂದು ಮಾಡಿಸಿದರು.

ನಿಮಗೆ ಹಿಡಿಸುವ ವಿಷಯ ಇನ್ನೊಂದಿದೆ. ಬೆಳೆದದ್ದನ್ನು ಅವರು ಕೊಳೆಯೋಕೆ ಬಿಡಲಿಲ್ಲ. ಟೊಮೆಟೊ ಕೊಯ್ಲಿನ ಹೊತ್ತಿಗೆ ಊರಿನ ಹೆಂಗಸರು ಒಂದು ಕಡೆ ಸೇರಿ, ಇದ್ದ ಪ್ರೆಶರ್ ಕುಕ್ಕರುಗಳನ್ನು ಹಂಚಿಕೊಂಡು, ಗಾಜಿನ ಜಾಡಿಗಳಿಗೆ ತುಂಬಿ ಮುಚ್ಚಳ ಬಿಗಿದು ಚಳಿಗಾಲಕ್ಕೆ ಇಡುತ್ತಿದ್ದರು. ಜಾಡಿಗೆ ಹಾಕೋಕೆ ಅಂತಲೇ ಮನೆಗೆ ಬೇರೆ ಸಕ್ಕರೆ ಸಿಗುತ್ತಿತ್ತು. ಬೆಲೆ ಬಿದ್ದಾಗ ಕೋಲಾರದ ರಸ್ತೆ ಬದಿಯಲ್ಲಿ ಟೊಮೆಟೊ ಸುರಿದಿರುವುದನ್ನು ನೋಡಿದಾಗೆಲ್ಲ ನನಗೆ ಆ ಜಾಡಿಗಳು ನೆನಪಾಗುತ್ತವೆ, ಹೊಟ್ಟೆ ಉರಿಯುತ್ತೆ.

ಆಗ ಮಕ್ಕಳು ಏನು ಮಾಡುತ್ತಿದ್ದರು? (ಎಂಟನೇ ತರಗತಿ ವಿದ್ಯಾರ್ಥಿನಿ, ತುಮಕೂರು)

ಪುಟ್ಟಿ, ಹತ್ತು ಸೆಂಟು ಕೊಟ್ಟು ಒಂದು ಸ್ಟಾಂಪ್ ತಗೊಂಡು ಪುಸ್ತಕಕ್ಕೆ ಅಂಟಿಸುತ್ತಿದ್ದರು. 18 ಡಾಲರ್ 75 ಸೆಂಟ್ ಆದರೆ ಒಂದು ಯುದ್ಧದ ಬಾಂಡ್. ಹತ್ತು ವರ್ಷ ಬಿಟ್ಟು ಸರ್ಕಾರ 25 ಡಾಲರ್ ವಾಪಸ್ ಕೊಡುತ್ತಿತ್ತು. ಕೈಗಾಡಿ ಎಳೆದುಕೊಂಡು ಮನೆಮನೆಗೆ ಹೋಗಿ ಹಳೇ ಕಬ್ಬಿಣ, ಪೇಪರ್ ಕೂಡಿಸುತ್ತಿದ್ದರು.

ನನಗೆ ಜಾಸ್ತಿ ಇಷ್ಟವಾದದ್ದು ಇದು. ನಿಮ್ಮ ಶಾಲೆ ಹತ್ತಿರ ಎಕ್ಕದ ಗಿಡ ಇದ್ದೇ ಇರುತ್ತೆ. ಅದರ ಕಾಯಿ ಒಡೆದರೆ ರೇಷ್ಮೆಯಂಥ ಬಿಳಿ ನವಿರು ಹಾರುತ್ತಲ್ಲ, ಹಿಡಿಯೋಕೆ ಓಡುತ್ತೀರಲ್ಲ? ಅದೇ ಕುಟುಂಬದ ಒಂದು ಗಿಡ ಅಮೆರಿಕದಲ್ಲಿದೆ, ಮಿಲ್ಕ್‌ವೀಡ್ ಅಂತ. ನೀರಲ್ಲಿ ಬಿದ್ದ ಸೈನಿಕರು ಮುಳುಗದಂತೆ ಹಾಕುವ ಜಾಕೆಟ್ಟಿಗೆ ಜಾವಾ ಕಡೆಯಿಂದ ಬಿಳಿ ಬೂರುಗದ ಹತ್ತಿ ಬರುತ್ತಿತ್ತು. ಅದೂ ಜಪಾನಿನ ಪಾಲಾಯಿತು. ಆಗ 1944ರಲ್ಲಿ ಶಾಲೆ ಮಕ್ಕಳಿಗೆ ಈ ಕಾಯಿ ಕೀಳುವ ಕೆಲಸ ಕೊಟ್ಟರು. ಈರುಳ್ಳಿ ಚೀಲದಲ್ಲಿ ತುಂಬಿ ಬೇಲಿಗೆ ನೇತುಹಾಕಿ ಒಣಗಿಸುತ್ತಿದ್ದರು. ಎರಡು ಚೀಲ ತುಂಬಿದರೆ ಒಂದು ಜೀವ ಉಳಿಯುತ್ತೆ ಅಂತ ಮಕ್ಕಳಿಗೆ ಹೇಳಿದ್ದರು. ಲೆಕ್ಕ ಅಷ್ಟು ಸರಳ, ಅದಕ್ಕೇ ಮಕ್ಕಳು ಓಡಿದರು.

ನಾನು ರೈಲ್ವೆಯಲ್ಲಿದ್ದು ನಿವೃತ್ತನಾದವನು. ಯುದ್ಧದ ಕಾಲದ ರೈಲು ನಿಲ್ದಾಣಗಳ ಬಗ್ಗೆ ಏನಾದರೂ ಬರೆಯಿರಿ. (ಬಂಗಾರಪೇಟೆ)

ಈ ಪ್ರಶ್ನೆ ಬಂದಾಗ ನನಗೆ ತುಂಬಾ ಖುಷಿಯಾಯಿತು ಸಾರ್. ನಿಮ್ಮದು ಜಂಕ್ಷನ್ ಊರು, ಗಾಡಿ ನಿಂತಾಗ ಪ್ಲಾಟ್‌ಫಾರ್ಮ್ ಹೇಗೆ ಒಮ್ಮೆಲೇ ಎದ್ದು ಕೂರುತ್ತೆ ಅಂತ ನಿಮಗೆ ಗೊತ್ತು.

ನೆಬ್ರಾಸ್ಕ ರಾಜ್ಯದಲ್ಲಿ ನಾರ್ತ್ ಪ್ಲಾಟ್ ಅಂತ ಒಂದು ಊರು. ಆಗ ಅಲ್ಲಿ ಸುಮಾರು 12 ಸಾವಿರ ಜನ. ಉಗಿಬಂಡಿಗಳು ನೀರು, ಎಣ್ಣೆಗೆ ಅಂತ ಹತ್ತು ಹದಿನೈದು ನಿಮಿಷ ಅಲ್ಲಿ ನಿಲ್ಲುತ್ತಿದ್ದವು. 1941ರ ಡಿಸೆಂಬರ್ 17ರಂದು ತಮ್ಮ ರಾಜ್ಯದ ಹುಡುಗರ 'ಡಿ' ಕಂಪನಿ, ಅಂದರೆ ಸೈನ್ಯದ ಒಂದು ತುಕಡಿ, ಬರುತ್ತೆ ಅಂತ ಸುದ್ದಿ ಹಬ್ಬಿ, ಊರವರು ತಿಂಡಿ, ಹಣ್ಣು, ಕಾಣಿಕೆ ಹಿಡಿದು ಚಳಿಯಲ್ಲಿ ಕಾದು ನಿಂತರು. ರೈಲು ಬಂತು. ಕಿಟಕಿಯಲ್ಲಿ ಒಂದೂ ಪರಿಚಯದ ಮುಖ ಇಲ್ಲ. ಅದು ಪಕ್ಕದ ಕಾನ್ಸಾಸ್ ರಾಜ್ಯದ 'ಡಿ' ಕಂಪನಿ! ಒಂದು ಗಳಿಗೆ ಎಲ್ಲರೂ ಸುಮ್ನೆ ನಿಂತರು. ಆಮೇಲೆ ಯಾರೋ ಒಬ್ಬರು ಮುಂದೆ ಹೋಗಿ ತಂದದ್ದನ್ನು ಆ ಹುಡುಗರ ಕೈಗೇ ಕೊಟ್ಟರು. ಉಳಿದವರೂ ಕೊಟ್ಟರು.

ರೇ ವಿಲ್ಸನ್ ಅನ್ನುವ ಯುವತಿ ಅಲ್ಲೇ ಇದ್ದಳು. ಬರುವ ಎಲ್ಲ ರೈಲಿಗೂ ಹೀಗೆ ಮಾಡೋಣ ಅಂತ ಊರಿನ ಪತ್ರಿಕೆಗೆ ಒಂದು ಪತ್ರ ಬರೆದಳು. ಕ್ರಿಸ್‌ಮಸ್ ದಿನವೇ ಶುರುವಾಯಿತು. ನಿಲ್ದಾಣದ ಕ್ಯಾಂಟೀನಿನಲ್ಲಿ ಸ್ಯಾಂಡ್‌ವಿಚ್, ಮೊಟ್ಟೆ, ಕಾಫಿ, ಆ ದಿನ ಹುಟ್ಟುಹಬ್ಬ ಇರುವ ಹುಡುಗನಿಗೆ ಕೇಕು. ಸಕ್ಕರೆಗೆ ರೇಷನ್ ಇತ್ತು ಅಂತ ಮೇಲೆ ಹೇಳಿದೆನಲ್ಲ, ಆ ಕೇಕಿನ ಸಕ್ಕರೆ ಹೆಂಗಸರು ತಮ್ಮ ಮನೆಯ ಚೀಟಿಯಿಂದ ಉಳಿಸಿದ್ದು. ಸುತ್ತಲಿನ ನೂರಕ್ಕೂ ಹೆಚ್ಚು ಊರುಗಳು ಸರದಿ ಹಾಕಿಕೊಂಡು ಬಂದವು. ಒಬ್ಬ ಹುಡುಗ ದನದ ಹರಾಜಿನಲ್ಲಿ ತಾನು ತೊಟ್ಟಿದ್ದ ಅಂಗಿಯನ್ನೇ ಮತ್ತೆ ಮತ್ತೆ ಹರಾಜು ಹಾಕಿ ದುಡ್ಡು ಕೊಟ್ಟ. 1946ರ ಏಪ್ರಿಲ್ 1ರ ತನಕ ನಡೆಯಿತು. ಅಷ್ಟರಲ್ಲಿ ಸುಮಾರು 60 ಲಕ್ಷ ಸೈನಿಕರು ಅಲ್ಲಿ ಇಳಿದು ಹತ್ತಿದ್ದರು.

ಆ ನಿಲ್ದಾಣ ಈಗ ಇಲ್ಲ. 1973ರಲ್ಲಿ ಕೆಡವಿದರು. ಇದನ್ನು ಓದಿ ನಿಮಗೆ ಸಂಕಟ ಆಗುತ್ತೆ ಅಂತ ಗೊತ್ತು, ನನಗೂ ಆಯಿತು.

ನನ್ನ ಮಗ ಸೈನ್ಯದಲ್ಲಿದ್ದಾನೆ. ಫೋನು ಎರಡು ದಿನ ಬರದಿದ್ದರೆ ಊಟ ಸೇರಲ್ಲ. ಆ ಕಾಲದ ತಾಯಂದಿರಿಗೆ ಸುದ್ದಿ ಹೇಗೆ ಬರುತ್ತಿತ್ತು? (ಶಿರಾ)

ನಿಮ್ಮ ಪತ್ರ ನಾಲ್ಕು ಸಲ ಓದಿದೆ ಅಮ್ಮ. ಅವರು ವಾರಗಟ್ಟಲೆ ಕಾಯುತ್ತಿದ್ದರು. ಹಡಗಿನಲ್ಲಿ ಜಾಗ ಉಳಿಯಲಿ ಅಂತ 1942ರಿಂದ ಕಾಗದಗಳನ್ನು ಚಿಕ್ಕ ಫಿಲ್ಮಿನಲ್ಲಿ ಫೋಟೊ ತೆಗೆದು ಕಳಿಸಿ, ಆ ಕಡೆ ಮತ್ತೆ ಅಚ್ಚು ಹಾಕಿ ಹಂಚುತ್ತಿದ್ದರು. ವಿ-ಮೇಲ್ ಅಂತಿದ್ದರು. ಕೈಗೆ ಬರುವ ಹೊತ್ತಿಗೆ ಅಕ್ಷರ ಅಂಗೈಯಷ್ಟು ಕಾಗದದಲ್ಲಿ ಕಿರಿದಾಗಿರುತ್ತಿತ್ತು, ಆದರೂ ಕೈಬರಹ ಮಗನದೇ.

ಮಗ ಸೈನ್ಯದಲ್ಲಿದ್ದರೆ ಮನೆ ಕಿಟಕಿಗೆ ನೀಲಿ ನಕ್ಷತ್ರದ ಬಟ್ಟೆ ತೂಗುಹಾಕುತ್ತಿದ್ದರು. ಇಬ್ಬರಿದ್ದರೆ ಎರಡು ನಕ್ಷತ್ರ. ಸತ್ತರೆ ಅದರ ಮೇಲೆ ಚಿನ್ನದ ಬಣ್ಣದ್ದು. ಬೀದಿಯಲ್ಲಿ ಹೋಗುವವರಿಗೆ ಯಾರ ಮನೆಯಲ್ಲಿ ಏನಾಗಿದೆ ಅಂತ ಕೇಳದೆಯೇ ತಿಳಿಯುತ್ತಿತ್ತು.

ವರ್ಜೀನಿಯಾದ ಬೆಡ್‌ಫರ್ಡ್ ಊರಿನಲ್ಲಿ ಆಗ ಮೂರು ಸಾವಿರ ಚಿಲ್ಲರೆ ಜನ. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಆ ಪುಟ್ಟ ಊರಿನ ಇಪ್ಪತ್ತರಷ್ಟು ಹುಡುಗರು ಒಂದೇ ದಿನ ತೀರಿಕೊಂಡರು. ಮನೆಯವರಿಗೆ ಗೊತ್ತೇ ಇಲ್ಲ. ಜುಲೈ ಮಧ್ಯದಲ್ಲಿ ಒಂದು ಬೆಳಿಗ್ಗೆ ಔಷಧಿ ಅಂಗಡಿಯೊಳಗಿದ್ದ ತಂತಿ ಯಂತ್ರದಲ್ಲಿ ಒಂದರ ಹಿಂದೆ ಒಂದು ಟೆಲಿಗ್ರಾಂ ಬರತೊಡಗಿದವು. ಅದನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬ ಯುವತಿ. ಆ ಹೆಸರುಗಳು ಅವಳಿಗೆ ಬರೀ ಹೆಸರುಗಳಲ್ಲ, ಅದೇ ಊರಿನವರು.

ಇದನ್ನು ನಿಮಗೆ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ನೀವು ನೇರವಾಗಿ ಕೇಳಿದ್ದೀರಿ, ಅದಕ್ಕೆ ಬರೆದೆ. ನಿಮ್ಮ ಮಗ ಕ್ಷೇಮವಾಗಿರಲಿ.

ಎಲ್ಲರೂ ಒಂದಾಗಿದ್ದರು ಅನ್ನುವ ಹಾಗೆ ಬರೆದಿದ್ದೀರಿ. ಯಾರಿಗೂ ಅನ್ಯಾಯ ಆಗಲಿಲ್ಲವೇ? (ವಕೀಲರು, ಗೌರಿಬಿದನೂರು)

ಆಯಿತು, ತುಂಬಾ ದೊಡ್ಡದೇ ಆಯಿತು. ಹೋದ ಸಲ ಇದನ್ನು ಬಿಟ್ಟದ್ದು ನನ್ನ ತಪ್ಪು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು, ಸುಮಾರು 1 ಲಕ್ಷ 20 ಸಾವಿರ ಜನರನ್ನು, ಮನೆ, ಹೊಲ, ಅಂಗಡಿ ಬಿಡಿಸಿ ಮುಳ್ಳುತಂತಿ ಹಾಕಿದ ಶಿಬಿರಗಳಿಗೆ ತುಂಬಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಯಾವ ಕೋರ್ಟಿನಲ್ಲೂ ಒಬ್ಬೊಬ್ಬರ ವಿಚಾರಣೆ ನಡೆಯಲಿಲ್ಲ. ಕೈಲಿ ಹಿಡಿಯುವಷ್ಟೇ ಸಾಮಾನು ಒಯ್ಯಬೇಕಿತ್ತು, ಉಳಿದದ್ದು ಸಿಕ್ಕ ರೇಟಿಗೆ ಮಾರಬೇಕಾಯಿತು.

ಅದೇ ಶಿಬಿರಗಳಿಂದ ಹುಡುಗರು ಸೈನ್ಯಕ್ಕೂ ಸೇರಿದರು, 442ನೇ ರೆಜಿಮೆಂಟಿನಲ್ಲಿ ಯುರೋಪಿಗೆ ಹೋಗಿ ಹೋರಾಡಿದರು. ಮುಳ್ಳುತಂತಿಯ ಒಳಗಿನ ಆ ಮನೆಗಳಲ್ಲೂ ನೀಲಿ ನಕ್ಷತ್ರ ತೂಗುತ್ತಿತ್ತು. 1988ರಲ್ಲಿ ಸರ್ಕಾರ ತಪ್ಪಾಯಿತು ಅಂತ ಕಾನೂನಿನಲ್ಲೇ ಬರೆದು, ಬದುಕಿ ಉಳಿದಿದ್ದ ಒಬ್ಬೊಬ್ಬರಿಗೆ 20 ಸಾವಿರ ಡಾಲರ್ ಕೊಡಲು ಒಪ್ಪಿತು. ಅಷ್ಟು ಹೊತ್ತಿಗೆ ಆ ನಕ್ಷತ್ರ ತೂಗುಹಾಕಿದ್ದ ಎಷ್ಟೋ ತಾಯಂದಿರು ತೀರಿಕೊಂಡಿದ್ದರು.